ಒದ್ದೆ ಬಟ್ಟೆಯ ತೂಕ: ನನ್ನ ಅನುಭವ

ಹುಟ್ಟಿದಾಗ ಅಳದ ಮಗು ವಾರ್ಡಿಗೆ ಬಂತು ಅಂದರೆ ಎಲ್ಲರ ಗಮನವೂ ಮೆದುಳಿನ ಮೇಲೆ. ಫಿಟ್ಸ್ ಬಂತಾ, ಉಸಿರು ಹೇಗಿದೆ, ಕೈಕಾಲು ಆಡಿಸುತ್ತಾ. ಆಕ್ಸಿಜನ್ ಸಾಲದೆ ಕಿಡ್ನಿಗೂ ಪೆಟ್ಟಾಗಿರುತ್ತೆ, ಅದು ನೆನಪಾಗುವುದು ಮೂರನೇ ದಿನ ಮೈ ಊದಿಕೊಂಡಾಗ. ದಾವಣಗೆರೆಯಲ್ಲಿ ಇಂಥ ಮಕ್ಕಳನ್ನು ನೋಡುವ ಡಾಕ್ಟರ್ ನಾನು, ನಾನೂ ಹಾಗೇ ಇದ್ದೆ.

ಜಗಳೂರು ಕಡೆಯ ಒಂದು ಗಂಡು ಮಗು, 2.8 ಕೆಜಿ. ಮೊದಲ ದಿನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 0.9. ಹುಟ್ಟಿದ ಮಗುವಿನಲ್ಲಿ ಮೊದಲು ಕಾಣುವುದು ತಾಯಿಯಿಂದ ಬಂದದ್ದೇ, ಮತ್ತೆ ರಕ್ತ ತೆಗೆಸಿ ಸುಮ್ನೆ ಖರ್ಚು ಯಾಕೆ ಅಂತ ಬಿಟ್ಟೆ. ಚಾರ್ಟಿನಲ್ಲಿ ‘ಮೂತ್ರ ಆಗಿದೆ’ ಅಂತ ಮೂರು ಟಿಕ್ ಇತ್ತು. ಎಷ್ಟು ಅಂತ ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಕೆಜಿಗೆ 60 ಎಂಎಲ್ ಲೆಕ್ಕದಲ್ಲಿ ಫ್ಲೂಯಿಡ್ ಹೋಗುತ್ತಲೇ ಇತ್ತು. ಮೂರನೇ ದಿನ ತೂಕ ಹತ್ತಿರ ಹತ್ತಿರ 200 ಗ್ರಾಂ ಜಾಸ್ತಿ, ಸೋಡಿಯಂ ತೀರಾ ಇಳಿದು 118, ಕ್ರಿಯಾಟಿನಿನ್ 2.4. ಮತ್ತೆ ಶುರುವಾದ ಫಿಟ್ಸನ್ನು ಮೆದುಳಿನದೇ ಅಂದುಕೊಂಡು ಫಿಟ್ಸಿನ ಔಷಧಿ ಫೀನೋಬಾರ್ಬಿಟೋನ್ ಏರಿಸಿದೆ. ಮಗು ಉಳಿಯಲಿಲ್ಲ. ಆ ಮೂರು ಟಿಕ್ ಇವತ್ತಿಗೂ ನನ್ನ ಕಣ್ಣ ಮುಂದಿವೆ.

ಆಮೇಲೆ ಮೂತ್ರ ಅಳೆಯಲು ಹೊರಟೆ. ಅಂಟಿಸುವ ಚೀಲ ಹಾಕಿದೆ. ಎರಡನೇ ದಿನ ಚೀಲದ ಜೊತೆ ಚರ್ಮವೂ ಕಿತ್ತು ಬಂತು. ಕ್ಯಾತಿಟರ್ ಹಾಕಿದೆ, ಎರಡು ಮಕ್ಕಳಿಗೆ ಸೋಂಕಾಯಿತು. ಕೊನೆಗೆ ಚೌಕಿಪೇಟೆಗೆ ಹೋಗಿ ಚಿನ್ನ ಬೆಳ್ಳಿ ತೂಗುವಂಥ ಸಣ್ಣ ತಕ್ಕಡಿ ತಂದೆ. ಸಾವಿರದ ಐನೂರೋ ಏನೋ ಆಯಿತು. ಒಣ ಬಟ್ಟೆ ತೂಗು, ಒದ್ದೆಯಾದ ಮೇಲೆ ತೂಗು, ಕಳೆ. ಒಂದು ಗ್ರಾಂ ಅಂದರೆ ಒಂದು ಎಂಎಲ್. ಇದು ನಮಗೆಲ್ಲ ಗೊತ್ತಿದ್ದದ್ದೇ. ಮಾಡುವವರು ಎಷ್ಟು ಜನ?

ಹಿರಿಯರೊಬ್ಬರು ರೌಂಡ್ಸಿಗೆ ಬಂದವರು, ‘ಏನ್ರೀ ಡಾಕ್ಟ್ರೇ, ಕಿರಾಣಿ ಅಂಗಡಿ ಇಟ್ಟಿದ್ದೀರಾ?’ ಅಂದರು. ಸಿಸ್ಟರ್‌ಗಳಿಗೂ ಮೊದಲ ತಿಂಗಳು ಬೇಸರವೇ. ಲೆಕ್ಕ ಕೂಡ ತಾಳೆಯಾಗುತ್ತಿರಲಿಲ್ಲ. ಒಂದು ಮಗುವಿಗೆ ಮೈ ಊದಿದೆ, ತಕ್ಕಡಿಯೂ ಮೂತ್ರ ಕಡಿಮೆ ಅನ್ನುತ್ತೆ. ಇನ್ನೊಂದು ಮಗುವಿಗೂ ಕಡಿಮೆ ಅನ್ನುತ್ತೆ, ಆದರೆ ಅದು ಆರಾಮಾಗಿದೆ. ಏಪ್ರಿಲ್ ತಿಂಗಳು, ದಾವಣಗೆರೆಯ ಬಿಸಿಲು ನಿಮಗೆ ಗೊತ್ತಲ್ವಾ. ಅನುಮಾನ ಬಂದು ಒಂದು ಮಧ್ಯಾಹ್ನ ಸಿರಿಂಜಿನಲ್ಲಿ 10 ಎಂಎಲ್ ಸಲೈನ್ ಬಟ್ಟೆಗೆ ಹಾಕಿ, ಖಾಲಿ ವಾರ್ಮರ್ (ಮಗುವನ್ನು ಬೆಚ್ಚಗಿಡುವ ಹೀಟರ್) ಕೆಳಗೆ ಇಟ್ಟೆ. ಒಂದು ಗಂಟೆಗೆ ಎಂಟು ಗ್ರಾಂ. ಮೂರು ಗಂಟೆಗೆ ಐದರ ಆಸುಪಾಸು. ಅರ್ಧ ಮೂತ್ರ ಆವಿಯಾಗಿ ಹೋಗುತ್ತಿತ್ತು! ಅವತ್ತಿನಿಂದ ಗಂಟೆಗೊಮ್ಮೆ ಬಟ್ಟೆ ಮುಟ್ಟಿ ನೋಡಬೇಕು, ಒದ್ದೆ ಇದ್ದರೆ ಆಗಲೇ ತೂಗಬೇಕು. ಅಜ್ಜಿಯರು ತರುವ ಹಳೇ ಪಂಚೆಯ ತುಂಡೇ ಇದಕ್ಕೆ ಒಳ್ಳೆಯದು. ಹೆಣ್ಣುಮಕ್ಕಳಲ್ಲಿ ಮಲ ಬೆರೆಯದ ಹಾಗೆ ಬಟ್ಟೆ ಮಡಿಸುವ ಒಂದು ರೀತಿ ಇದೆ. ನಮ್ಮ ಹಿರಿಯ ಸಿಸ್ಟರ್ ಕಂಡುಹಿಡಿದದ್ದು. ಅದು ಬರೆದರೆ ಬರುವುದಿಲ್ಲ, ವಾರ್ಡಿಗೆ ಬನ್ನಿ, ತೋರಿಸುತ್ತಾರೆ.

ಲೆಕ್ಕ ಹೀಗೆ. 2.8 ಕೆಜಿ ಮಗು, ಆರು ಗಂಟೆಯಲ್ಲಿ 9 ಗ್ರಾಂ. ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಬಂತು. ಒಂದಕ್ಕಿಂತ ಕಡಿಮೆ ಇದ್ದರೇ ನಾವು ಎಚ್ಚರ ಆಗಬೇಕು. ಚರ್ಮ, ಉಸಿರಿನಲ್ಲಿ ಹೋಗುವ ನೀರಿಗೆ ದಿನಕ್ಕೆ ಕೆಜಿಗೆ 25 ಎಂಎಲ್ ಹಿಡಿದರೆ ಆರು ಗಂಟೆಗೆ 17 ಚಿಲ್ಲರೆ. ಅದಕ್ಕೆ ಈ 9 ಸೇರಿಸಿ. ಮುಂದಿನ ಆರು ಗಂಟೆಗೆ ಸುಮಾರು 26 ಎಂಎಲ್, ಅಷ್ಟೇ. ವಾರ್ಮರ್ ಕೆಳಗಿದ್ದರೆ ಸ್ವಲ್ಪ ಜಾಸ್ತಿ ಹಿಡಿಯುತ್ತೇನೆ, ಬೆಳಗ್ಗೆಯ ತೂಕ ನೋಡಿ ತಿದ್ದುತ್ತೇನೆ.

ಇಲ್ಲೂ ಒಂದು ಪೆಟ್ಟು ತಿಂದೆ. ಫ್ಲೂಯಿಡ್ ಇಳಿಸಿದ ಮೊದಲ ಮಗುವಿಗೆ ಗ್ಲೂಕೋಸ್ ನೀರು, ಅಂದರೆ 10 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಾಗೇ ಬಿಟ್ಟಿದ್ದೆ. ನೀರು ಕಡಿಮೆಯಾದಷ್ಟೂ ಸಕ್ಕರೆಯೂ ಕಡಿಮೆ, ರಾತ್ರಿ ಶುಗರ್ 30ಕ್ಕೆ ಇಳಿಯಿತು. ಈಗ ಹೊಕ್ಕುಳ ಲೈನ್ ಹಾಕಿ 15 ಪರ್ಸೆಂಟ್ ಕೊಡುತ್ತೇನೆ. ನಾಲ್ಕೈದನೇ ದಿನ ಮೂತ್ರ ಒಮ್ಮೆಲೇ ಬಿಟ್ಟುಕೊಳ್ಳುತ್ತೆ. ಆಗ ಕೈ ಬಿಗಿ ಹಿಡಿದರೆ ಮಗು ಒಣಗುತ್ತೆ, ಸೋಡಿಯಂ ಮತ್ತೆ ಇಳಿಯುತ್ತೆ. ಒಮ್ಮೆ ಅದನ್ನೂ ಮಾಡಿದ್ದೇನೆ.

ಲ್ಯಾಸಿಕ್ಸ್ ಕೊಟ್ಟು ಮೂತ್ರ ತರಿಸುವುದನ್ನು ಬಿಟ್ಟೆ. ಮೂತ್ರ ಬರುತ್ತೆ, ಕ್ರಿಯಾಟಿನಿನ್ ಏರುತ್ತಲೇ ಇರುತ್ತೆ. ಕಿಡ್ನಿಗೆ ಪೆಟ್ಟು ಕೊಡಬಲ್ಲ ಆಂಟಿಬಯಾಟಿಕ್ ಅಮಿಕಾಸಿನ್ ಕಣ್ಣು ಮುಚ್ಚಿ ಬರೆಯುವುದನ್ನೂ ಬಿಟ್ಟೆ. ಕ್ರಿಯಾಟಿನಿನ್ 24, 48, 72 ಗಂಟೆಗೆ ಮೂರು ಸಲ. ಮೂರಕ್ಕೂ ಸೇರಿ ಐದಾರು ನೂರು ರೂಪಾಯಿ. ಮೊದಲ ನಂಬರ್ ತಾಯಿಯದೇ ಇರಲಿ, ಇಳಿಯಬೇಕಾದ್ದು ಇಳಿಯದಿದ್ದರೆ ಅದೇ ಸುದ್ದಿ. 0.3 ಏರಿದರಂತೂ ಮಾತೇ ಇಲ್ಲ. ಎಷ್ಟೋ ಮಕ್ಕಳು ಮೂತ್ರ ಚೆನ್ನಾಗಿ ಹೊಯ್ಯುತ್ತಲೇ ಇರುತ್ತಾರೆ, ಕಿಡ್ನಿ ಮಾತ್ರ ಸೋತಿರುತ್ತೆ. ತಕ್ಕಡಿಯೊಂದನ್ನೇ ನಂಬಿದರೆ ಅಂಥವರು ತಪ್ಪಿಹೋಗುತ್ತಾರೆ.

ತೀವ್ರವಾಗಿ ಬಳಲಿದ ಮಗು ಮೊದಲ ಗಂಟೆಯಲ್ಲೇ ಕೈಗೆ ಸಿಕ್ಕರೆ ಕಿಡ್ನಿ ಕಾಪಾಡಲು ಅಮಿನೋಫಿಲ್ಲಿನ್ ಕೆಜಿಗೆ 5 ಮಿಗ್ರಾಂ, ನಿಧಾನವಾಗಿ, ಒಂದೇ ಡೋಸ್. ಒಂದು ಬೆಣ್ಣೆ ದೋಸೆಗಿಂತ ಅಗ್ಗ. ಥಿಯೋಫಿಲ್ಲಿನ್ (ಅಮಿನೋಫಿಲ್ಲಿನ್ ಮೈಯೊಳಗೆ ಕೊಡುವುದು ಅದನ್ನೇ) ಒಂದು ಡೋಸ್ ಕೊಡಬಹುದು ಅಂತ 2012ರ ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯಲ್ಲೇ ಇದೆ. ಕಾಶ್ಮೀರದ ಮಕ್ಕಳ ಮೇಲಿನ ಅಧ್ಯಯನ 2006ರಲ್ಲೇ ಬಂದಿತ್ತು. ಕಿಡ್ನಿಗೆ ಅನುಕೂಲ ಕಂಡಿದೆ, ಸಾವು ಕಡಿಮೆಯಾದದ್ದು ಕಂಡಿಲ್ಲ. ಆ ಅನುಕೂಲವೂ ಮೊದಲ ಗಂಟೆಯಲ್ಲಿ ಕೊಟ್ಟಾಗಿನದು, ಹಾಗಾಗಿ ಗಂಟೆಗಳು ಕಳೆದು ಬಂದ ಮಗುವಿಗೆ ಕೊಡುವುದಿಲ್ಲ.

ಮೆದುಳು ಉಳಿಸಲೆಂದು ಮಗುವಿನ ಮೈ ತಂಪು ಮಾಡುವ ಯಂತ್ರಕ್ಕೆ ಲಕ್ಷಗಟ್ಟಲೆ ಸಾಲ ಮಾಡಲು ಹೊರಟಿದ್ದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದಲ್ಲಿ ನಡೆದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಬಂತು. ತಂಪು ಮಾಡಿದ ಮಕ್ಕಳಲ್ಲೇ ಸಾವು ಜಾಸ್ತಿ ಇತ್ತು. ಆ ಯೋಚನೆ ಬಿಟ್ಟು ಸಿರಿಂಜ್ ಪಂಪ್ ತಂದೆ. ಎರಡೂವರೆ ಎಂಎಲ್ ಅಂದರೆ ಎರಡೂವರೆಯೇ ಹೋಗಬೇಕಲ್ಲ.

ತಕ್ಕಡಿ ಬಂದ ಮೇಲೆ ಇಂಥ ಮಕ್ಕಳು ನಲವತ್ತರ ಹತ್ತಿರ ಬಂದಿರಬಹುದು. ಮೊದಲು ವರ್ಷಕ್ಕೆ ನಾಲ್ಕೈದು ಮಕ್ಕಳನ್ನು ಡಯಾಲಿಸಿಸ್‌ಗೆ ಅಂತ ಬೆಂಗಳೂರಿಗೆ ಕಳಿಸುತ್ತಿದ್ದೆ. ಆಂಬ್ಯುಲೆನ್ಸಿಗೇ ಹನ್ನೆರಡು ಹದಿಮೂರು ಸಾವಿರ. ಈಗ ಎರಡು ವರ್ಷದಲ್ಲಿ ಇಬ್ಬರಿಗೆ ಮಾತ್ರ ಬೇಕಾಯಿತು, ಇಬ್ಬರಿಗೂ ಹೊಟ್ಟೆಯ ಡಯಾಲಿಸಿಸ್ ಇಲ್ಲೇ ಮಾಡಿದೆವು. ಒಂದು ಸಲಕ್ಕೆ ಹೊಟ್ಟೆಯೊಳಗೆ ಬಿಡುವ ದ್ರವ ಕೆಜಿಗೆ 10 ಎಂಎಲ್. ನಳಿಕೆ ಸುತ್ತ ಸೋರದಂತೆ ಹೊಲಿಯುವ ನನ್ನ ಬಗೆಯನ್ನು ಸದ್ಯಕ್ಕೆ ಹೇಳುವುದಿಲ್ಲ, ಇನ್ನೂ ನಾಲ್ಕು ಮಕ್ಕಳಲ್ಲಿ ನೋಡಬೇಕು. ಎರಡನೆಯ ಮಗುವಿಗೆ ಐದನೇ ದಿನ ಬೆಳಗಿನ ಜಾವ ತಕ್ಕಡಿ 22 ಗ್ರಾಂ ತೋರಿಸಿತು. ಸಿಸ್ಟರ್ ಫೋನ್ ಮಾಡುವ ಮೊದಲೇ ಹಿಂದಿನಿಂದ ಅಜ್ಜಿ ಕೂಗಿದ್ದು ಕೇಳಿಸಿತು: ‘ಕೂಸು ಉಚ್ಚೆ ಹೊಯ್ತು ನೋಡ್ರಿ ಸಾರ್!’ ಮೊದಲು ಕಿರಾಣಿ ಅಂಗಡಿ ಅಂದಿದ್ದ ಆ ಹಿರಿಯರೂ ಈಗ ಅಂಥದ್ದೇ ತಕ್ಕಡಿ ತರಿಸಿದ್ದಾರೆ.

ಕಿಡ್ನಿಗೆ ಪೆಟ್ಟಾದ ಮಗುವಿಗೆ ಮೂರು ತಿಂಗಳಿಗೆ ಬಿಪಿ, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಆಗಲೇಬೇಕು. ಬನ್ನಿ ಅಂದರೆ ಮೆಕ್ಕೆಜೋಳದ ಕಟಾವಿನಲ್ಲಿ ಯಾರೂ ಬರುತ್ತಿರಲಿಲ್ಲ. ಈಗ 14ನೇ ವಾರದ ಲಸಿಕೆ ದಿನಕ್ಕೇ ಅದನ್ನು ಜೋಡಿಸಿದ್ದೇನೆ. ಸೂಜಿ ಹಾಕುವ ಮೊದಲು, ಮಗು ಮಲಗಿರುವಾಗಲೇ ಬಿಪಿ ನೋಡಿಬಿಡುತ್ತೇವೆ. ಅತ್ತ ಮೇಲೆ ನೋಡಿದ ಬಿಪಿ ಲೆಕ್ಕಕ್ಕಿಲ್ಲ.