ರಾತ್ರಿ ಪಾಳಿಯ ಗೋದಾಮಿನಿಂದ ಡೆಲಿವರಿ ವ್ಯಾನಿಗೆ: ನನ್ನ ಅನುಭವ

ನಾನು ಹುಡುಕುತ್ತಿದ್ದುದು ಪಾರ್ಸೆಲ್ ಕಂಪನಿಯೊಂದರಲ್ಲಿ ಡೆಲಿವರಿ ಕೆಲಸ. ಸಿಕ್ಕಿದ್ದು ಗೋದಾಮಿನಲ್ಲಿ ರಾತ್ರಿ ಪಾಳಿಯ ಅನ್‌ಲೋಡಿಂಗ್ ಕೆಲಸ. ಹನ್ನೊಂದು ತಿಂಗಳ ಬಳಿಕ ಅದೇ ಕಟ್ಟಡದ ಇನ್ನೊಂದು ಬಾಗಿಲಿನಿಂದ ವ್ಯಾನ್ ಓಡಿಸಿಕೊಂಡು ಹೊರಬಂದೆ. ಆ ಹನ್ನೊಂದು ತಿಂಗಳು ವ್ಯರ್ಥವಾಯಿತೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ನೇರವಾಗಿ ವ್ಯಾನಿಗೆ ಸೇರಿದವರಲ್ಲಿ ಹಲವರು ಮೊದಲ ಕೆಲವು ವಾರಗಳಲ್ಲೇ ಬಿಟ್ಟುಹೋದದ್ದನ್ನು ಕಂಡ ಮೇಲೆ, ಈ ವೃತ್ತಿಗೆ ಬರಲು ಗೋದಾಮೇ ಸರಿಯಾದ ಬಾಗಿಲು ಎಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಆರಂಭದಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ದೊಡ್ಡ ಕಂಪನಿಗಳ ಜಾಲತಾಣಗಳಲ್ಲಿ ಡೆಲಿವರಿ ಚಾಲಕನ ಹುದ್ದೆಗೆ ಒಂದರ ಹಿಂದೊಂದು ಅರ್ಜಿ ತುಂಬಿದೆ, ಉತ್ತರ ಬರಲಿಲ್ಲ. ಎರಡು ಕಡೆ ಎಡವಿದ್ದೆನೆಂದು ಆಮೇಲೆ ತಿಳಿಯಿತು. ಮೊದಲನೆಯದು ಸಮಯ. ಪಾರ್ಸೆಲ್ ವ್ಯವಹಾರಕ್ಕೆ ಸುಗ್ಗಿಯ ಕಾಲವೆಂಬುದೊಂದಿದೆ. ದೊಡ್ಡ ಮಾರಾಟಗಳ ವಾರಗಳಲ್ಲಿ ಪೆಟ್ಟಿಗೆಗಳ ಸಂಖ್ಯೆ ಏಕಾಏಕಿ ಏರುವುದರಿಂದ, ಅದಕ್ಕೆ ಆರರಿಂದ ಎಂಟು ವಾರ ಮುಂಚೆಯೇ ತಾತ್ಕಾಲಿಕ ಕೆಲಸಗಾರರನ್ನು ತೆಗೆದುಕೊಳ್ಳುತ್ತಾರೆ. ನಾನು ಅರ್ಜಿ ಹಾಕಿದ್ದು ಆ ಸುಗ್ಗಿ ಮುಗಿದು, ಇದ್ದವರ ಪಾಳಿಗಳನ್ನೇ ಕಡಿಮೆ ಮಾಡುತ್ತಿದ್ದ ಹೊತ್ತಿನಲ್ಲಿ. ಎರಡನೆಯದು, ವ್ಯಾನಿನ ಮೇಲೆ ಯಾರ ಹೆಸರಿದೆಯೋ ಅವರೇ ಕೆಲಸ ಕೊಡುತ್ತಾರೆಂದು ನಂಬಿದ್ದು. ಅಮೆಜಾನ್ 2018ರಲ್ಲಿ ಆರಂಭಿಸಿದ ಡೆಲಿವರಿ ಸರ್ವಿಸ್ ಪಾರ್ಟ್‌ನರ್ ವ್ಯವಸ್ಥೆಯನ್ನೇ ನೋಡಿ: ವ್ಯಾನು, ಸಮವಸ್ತ್ರ ಎರಡರ ಮೇಲೂ ದೊಡ್ಡ ಕಂಪನಿಯ ಗುರುತಿದ್ದರೂ ಚಾಲಕರನ್ನು ನೇಮಿಸುವುದು, ಸಂಬಳ ಕೊಡುವುದು ಬೇರೆ ಸಣ್ಣ ಸಂಸ್ಥೆಗಳು. ಇಂಥ ಗುತ್ತಿಗೆದಾರರು ಯಾರೆಂದು ತಿಳಿಯದೆ ಮುಖ್ಯ ಕಚೇರಿಯ ಉತ್ತರಕ್ಕೆ ಕಾಯುತ್ತಾ ಕೂತರೆ ಬಾಗಿಲು ತಪ್ಪಿದಂತೆಯೇ.

ಇದರ ನಡುವೆ ಒಂದು ಪೆಟ್ಟೂ ಬಿತ್ತು. ನಿಮ್ಮ ಅರ್ಜಿ ಆಯ್ಕೆಯಾಗಿದೆ, ಸಮವಸ್ತ್ರಕ್ಕೂ ತರಬೇತಿಗೂ ಮುಂಗಡ ಹಣ ಕಟ್ಟಿ ಎಂದು ಒಂದು ಸಂದೇಶ ಬಂತು. ಅವಸರದಲ್ಲಿದ್ದ ನಾನು ಕಟ್ಟಿದೆ. ಮರುದಿನದಿಂದ ಆ ಫೋನ್ ಸಂಖ್ಯೆಗೆ ಕರೆಯೇ ಹೋಗಲಿಲ್ಲ. ನೇಮಕಾತಿಗಾಗಿ ಅಭ್ಯರ್ಥಿಯಿಂದಲೇ ಹಣ ಕೇಳುವವರು ಪಾರ್ಸೆಲ್ ಕಂಪನಿಯವರಲ್ಲ. ಇದನ್ನು ಕೆಲಸ ಹುಡುಕುವ ಪ್ರತಿಯೊಬ್ಬರೂ ತಿಳಿದಿರಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ.

ದಾರಿ ತೆರೆದದ್ದು ಪಾರ್ಸೆಲ್‌ಗಳನ್ನು ವಿಂಗಡಿಸುವ ಗೋದಾಮಿನ, ಅಂದರೆ ಹಬ್‌ನ ಗೇಟಿನ ಬಳಿ. ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನಿಂತು, ಕೆಲಸ ಮುಗಿಸಿ ಹೊರಬರುತ್ತಿದ್ದವರನ್ನು ಮಾತನಾಡಿಸಿದೆ. ಹಲವರು ದಣಿದಿದ್ದರು, ನಿಲ್ಲಲಿಲ್ಲ. ಒಬ್ಬ ಹಿರಿಯರು ಮಾತ್ರ ನಿಂತು ಕೇಳಿಸಿಕೊಂಡು, "ಡ್ರೈವರ್ ಅಂತ ಅರ್ಜಿ ಹಾಕಬೇಡಿ. ರಾತ್ರಿ ಲಾರಿ ಇಳಿಸೋದಕ್ಕೆ ಜನ ಸಾಲ್ತಾ ಇಲ್ಲ, ಮೊದಲು ಒಳಗೆ ಬನ್ನಿ. ವ್ಯಾನಿನಲ್ಲಿ ಕೆಲಸ ಖಾಲಿಯಾದರೆ ಮೊದಲು ಕೇಳೋದು ಒಳಗಿನವರನ್ನೇ" ಎಂದರು. ಅವರ ಮಾತಿನಂತೆಯೇ ನಡೆದೆ. ಎಂಟು ದಿನಗಳಲ್ಲಿ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನ ಹದಿನೈದು ನಿಮಿಷಕ್ಕಿಂತ ಹೆಚ್ಚು ನಡೆಯಲಿಲ್ಲ. ಐದು ಗಂಟೆ ನಿಂತೇ ಕೆಲಸ ಮಾಡಬಲ್ಲಿರಾ, ಮಧ್ಯರಾತ್ರಿಗೆ ಬರಲು ವಾಹನದ ವ್ಯವಸ್ಥೆ ಇದೆಯೇ, ಹಿಂದಿನ ಕೆಲಸ ಏಕೆ ಬಿಟ್ಟಿರಿ, ಇಷ್ಟೇ ಪ್ರಶ್ನೆಗಳು. ಅವರು ಅಳೆಯುವುದು ಜಾಣತನವನ್ನಲ್ಲ, ನಾಳೆ ರಾತ್ರಿ ಈ ಮನುಷ್ಯ ಬರುತ್ತಾನೋ ಇಲ್ಲವೋ ಎಂಬುದನ್ನು. ರಾತ್ರಿಯಲ್ಲೇ ಏಕೆ ಇಷ್ಟು ಕೆಲಸವಿರುತ್ತದೆಂದು ನಾನು ಮೊದಲೇ ಓದಿಕೊಂಡಿದ್ದು ಸಹಾಯಕ್ಕೆ ಬಂತು. ಫೆಡರಲ್ ಎಕ್ಸ್‌ಪ್ರೆಸ್ ಎಂಬ ಅಮೆರಿಕದ ಕೊರಿಯರ್ ಕಂಪನಿ (ಇಂದಿನ ಫೆಡೆಕ್ಸ್) 1973ರ ಏಪ್ರಿಲ್ 17ರಂದು 14 ಸಣ್ಣ ವಿಮಾನಗಳೊಂದಿಗೆ ಮೆಂಫಿಸ್‌ನಿಂದ ಸೇವೆ ಆರಂಭಿಸಿದಾಗ, ಮೊದಲ ರಾತ್ರಿ ಅಮೆರಿಕದ 25 ನಗರಗಳಿಗೆ ಸಾಗಿಸಿದ್ದು 186 ಪೊಟ್ಟಣಗಳನ್ನು ಮಾತ್ರ. ಆದರೆ ಎಲ್ಲ ಊರುಗಳ ಪೊಟ್ಟಣಗಳೂ ರಾತ್ರಿ ಒಂದೇ ಕೇಂದ್ರಕ್ಕೆ ಬಂದು, ವಿಂಗಡಣೆಯಾಗಿ, ಬೆಳಗಾಗುವ ಮೊದಲು ಅಲ್ಲಿಂದ ಹೊರಡುವ ಆ ಕ್ರಮವೇ ಇಂದು ಲಾರಿಗಳ ಜಾಲಕ್ಕೂ ಅಡಿಪಾಯವಾಗಿದೆ. ಹಗಲಿನಲ್ಲಿ ಸಂಗ್ರಹಿಸಿದ್ದು ರಾತ್ರಿ ವಿಂಗಡಣೆಯಾಗದಿದ್ದರೆ ಮರುದಿನ ಒಂದು ವ್ಯಾನೂ ಹೊರಡುವಂತಿಲ್ಲ. "ಹಾಗಾಗಿ ನಾನು ತಪ್ಪಿಸಿಕೊಂಡ ಒಂದು ರಾತ್ರಿಯ ಭಾರ ಬೆಳಗಿನ ಚಾಲಕರ ಮೇಲೆ ಬೀಳುತ್ತದೆಂದು ನನಗೆ ಗೊತ್ತು" ಎಂದೆ. ಗುರುತಿನ ಚೀಟಿ, ಚಾಲನಾ ಪರವಾನಗಿ, ಬ್ಯಾಂಕ್ ಖಾತೆಯ ವಿವರ ಪಡೆದುಕೊಂಡು, ಹಿನ್ನೆಲೆ ಪರಿಶೀಲನೆ ಮುಗಿದ ನಂತರ ಬರಹೇಳಿದರು.

ಅನ್‌ಲೋಡಿಂಗ್ ಎಂದರೆ ಬಲದ ಕೆಲಸವೆಂದೇ ಹೊರಗಿನವರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದು ಎರಡನೆಯ ವಾರದಲ್ಲಿ ಸೊಂಟ ಹಿಡಿಸಿಕೊಂಡೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಯೋಶ್ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆಯ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಗರಿಷ್ಠ ಭಾರವನ್ನು 23 ಕಿಲೋ ಎಂದು ಇಟ್ಟಿದ್ದಾರೆ. ಪೆಟ್ಟಿಗೆ ದೇಹದಿಂದ ದೂರವಾದಷ್ಟೂ, ನೆಲಕ್ಕೆ ಹತ್ತಿರವಾದಷ್ಟೂ, ಮೈ ತಿರುಚಿದಷ್ಟೂ, ನಿಮಿಷಕ್ಕೆ ಎತ್ತುವ ಸಲ ಹೆಚ್ಚಿದಷ್ಟೂ ಈ ಮಿತಿ ಇಳಿಯುತ್ತಾ ಹೋಗುತ್ತದೆ. ಲಾರಿಯೊಳಗೆ ಈ ನಾಲ್ಕೂ ಒಟ್ಟಿಗೇ ಇರುತ್ತವೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರು ಕಲಿಸಿಕೊಟ್ಟಂತೆ, ಮೊದಲು ಪೆಟ್ಟಿಗೆಯ ಮೂಲೆಯನ್ನು ತುಸು ಓರೆಮಾಡಿ ಭಾರ ಅಂದಾಜು ಮಾಡುವುದು, ಎದುರುಬದುರು ಮೂಲೆಗಳನ್ನು ಹಿಡಿದು ಎದೆಗೆ ಒತ್ತಿಕೊಳ್ಳುವುದು, ಸೊಂಟ ತಿರುಗಿಸುವ ಬದಲು ಪಾದಗಳನ್ನೇ ಪೆಟ್ಟಿಗೆ ಸಾಗಿಸುವ ಬೆಲ್ಟಿನ ಕಡೆಗೆ ತಿರುಗಿಸುವುದು, ಪೆಟ್ಟಿಗೆಗಳ ಗೋಡೆಯನ್ನು ಮೇಲಿನಿಂದಲೇ ಬಿಚ್ಚುತ್ತಾ ಬರುವುದು ರೂಢಿಯಾದ ನಂತರ ಆ ನೋವು ಮರುಕಳಿಸಲಿಲ್ಲ. ಹಿಡಿತವಿರುವ ಕೈಗವಸು, ಮುಂಭಾಗ ಗಟ್ಟಿಯಿರುವ ಬೂಟು, ಇವೆರಡರಲ್ಲಿ ಉಳಿತಾಯ ಮಾಡಬಾರದು.

ಮೂರನೆಯ ತಿಂಗಳಲ್ಲಿ ನನ್ನನ್ನು ವಿಂಗಡಣೆಗೆ ಹಾಕಿದರು. ಇಲ್ಲಿ ಬೇಕಾದದ್ದು ಕಣ್ಣು ಮತ್ತು ನೆನಪು. ಬೆಲ್ಟಿನ ಮೇಲೆ ಪೆಟ್ಟಿಗೆ ಹಾದುಹೋಗುವ ಎರಡು ಮೂರು ಸೆಕೆಂಡುಗಳಲ್ಲಿ ಲೇಬಲ್ಲಿನ ಕೋಡ್ ಓದಿ ಸರಿಯಾದ ಬದಿಗೆ ತಳ್ಳಬೇಕು. ಒಮ್ಮೆ ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲಾಗಿ ಓದಿ, ಯಾರೋ ಕಾಯುತ್ತಿದ್ದ ಔಷಧದ ಪಾರ್ಸೆಲ್ಲನ್ನು ತದ್ವಿರುದ್ಧ ದಿಕ್ಕಿನ ಲಾರಿಗೆ ಕಳಿಸಿದ್ದೆ. ಸೂಪರ್‌ವೈಸರ್ ಬೈಯಲಿಲ್ಲ. ಆ ಪಾರ್ಸೆಲ್ಲಿನ ಸ್ಕ್ಯಾನ್ ದಾಖಲೆಯನ್ನು ಪರದೆಯ ಮೇಲೆ ತೆರೆದು, ಅದು ಹೋಗಿ ಮರಳಿದ ಪ್ರತಿ ನಿಲ್ದಾಣವನ್ನೂ ಗಂಟೆಯ ಸಮೇತ ತೋರಿಸಿದರು. ಎರಡು ದಿನ ತಡವಾಗಿತ್ತು. ಅಂದಿನಿಂದ ಕೋಡನ್ನು ಹಿಂದಿನಿಂದ, ಕೊನೆಯ ಎರಡು ಅಂಕಿಗಳಿಂದ ಓದುವ ಅಭ್ಯಾಸ ಮಾಡಿಕೊಂಡೆ. ಹೀಗೆ ಕೋಡುಗಳ ಮೂಲಕ ನಮ್ಮ ಹಬ್‌ನ ಇಡೀ ವ್ಯಾಪ್ತಿ, ಯಾವ ಬಡಾವಣೆ ಯಾವ ರೂಟಿಗೆ ಸೇರುತ್ತದೆ ಎಂಬುದು, ನನಗೇ ತಿಳಿಯದಂತೆ ತಲೆಯೊಳಗೆ ಕೂತಿತು. ಗಾತ್ರದ ತೂಕದ, ಅಂದರೆ ನಿಜವಾದ ಭಾರದ ಬದಲು ಪೆಟ್ಟಿಗೆಯ ಗಾತ್ರ ನೋಡಿ ಶುಲ್ಕ ಹಾಕುವ ಲೆಕ್ಕವೂ ಇಲ್ಲೇ ಅರ್ಥವಾದದ್ದು: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಹಲವು ಕಂಪನಿಗಳು 5000ದಿಂದ ಭಾಗಿಸುತ್ತವೆ, 50, 40, 40ರ ಪೆಟ್ಟಿಗೆಯಲ್ಲಿ ಬರೀ ದಿಂಬಿದ್ದರೂ 16 ಕಿಲೋ ಎಂದೇ ಶುಲ್ಕ. ಬಾಗಿಲಲ್ಲಿ ನಿಂತು ಗ್ರಾಹಕರು ಇದನ್ನು ಕೇಳಿದಾಗ ಸಮಾಧಾನವಾಗಿ ವಿವರಿಸಲು ಸಾಧ್ಯವಾಗುವುದು ಇಂಥದ್ದನ್ನು ಒಳಗೆ ಕಲಿತವರಿಗೆ.

ಸುಗ್ಗಿಯ ವಾರಗಳು ಬಂದಾಗ ವ್ಯಾನುಗಳಿಗೆ ಸಹಾಯಕರು ಬೇಕೆಂದರು. ನಾನು ಮೊದಲ ದಿನವೇ ಹೆಸರು ಕೊಟ್ಟೆ. ಡೆಲಿವರಿಯ ಅರ್ಧ ಕೆಲಸ ವ್ಯಾನ್ ಹೊರಡುವ ಮುನ್ನವೇ ಮುಗಿದಿರುತ್ತದೆಂದು ಅಲ್ಲಿ ಕಂಡೆ. ಕೊನೆಗೆ ಕೊಡಬೇಕಾದದ್ದು ಮೊದಲು ಒಳಗೆ ಹೋಗಬೇಕು, ಲೇಬಲ್ ಚಾಲಕನ ಕಡೆ ಮುಖ ಮಾಡಿರಬೇಕು, ಸಮಯದ ಗಡುವಿರುವವು ಬಾಗಿಲ ಬಳಿ ಬೇರೆಯಾಗಿರಬೇಕು. ಪ್ರತಿ ನಿಲುಗಡೆಯಲ್ಲಿ ಅರ್ಧ ನಿಮಿಷ ಹುಡುಕಾಡಿದರೂ ನೂರು ನಿಲುಗಡೆಗಳಿಗೆ ಐವತ್ತು ನಿಮಿಷ ಹೋಯಿತು.

ಹನ್ನೊಂದನೆಯ ತಿಂಗಳಲ್ಲಿ ನನ್ನ ಮುಂದೆ ಎರಡು ಅವಕಾಶಗಳಿದ್ದವು. ಗುತ್ತಿಗೆದಾರನೊಬ್ಬ ಪಾರ್ಸೆಲ್ಲಿಗಿಷ್ಟು ಎಂದು ಕೊಡುವುದಾಗಿ ಹೇಳಿದ. ಕೇಳಲು ಅದೇ ದೊಡ್ಡ ಮೊತ್ತ. ಹಬ್‌ನವರು ಕೊಟ್ಟದ್ದು ತಿಂಗಳ ಸಂಬಳದ ಕೆಲಸ. ಗುತ್ತಿಗೆದಾರನನ್ನು ಒಂದೊಂದಾಗಿ ಕೇಳುತ್ತಾ ಹೋದೆ: ಇಂಧನ ಯಾರದು, ವಿಮೆ ಯಾರದು, ವ್ಯಾನ್ ಕೆಟ್ಟುನಿಂತ ದಿನದ ಗತಿಯೇನು, ಮನೆಯಲ್ಲಿ ಯಾರೂ ಇಲ್ಲದೆ ಮರಳಿದ ಪಾರ್ಸೆಲ್ಲಿಗೆ ಹಣ ಉಂಟೇ, ಕಳೆದುಹೋದದ್ದನ್ನು ಯಾರು ತುಂಬಿಕೊಡಬೇಕು, ಸುಗ್ಗಿಯಿಲ್ಲದ ತಿಂಗಳಲ್ಲಿ ದಿನಕ್ಕೆ ಕನಿಷ್ಠ ಎಷ್ಟು ಪಾರ್ಸೆಲ್ ಖಾತ್ರಿ. ಬಂದ ಉತ್ತರಗಳನ್ನು ಕಾಗದದ ಮೇಲೆ ಬರೆದು ಖರ್ಚು ಕಳೆದಾಗ ಆ ಮೊತ್ತ ಸಂಬಳಕ್ಕಿಂತ ಕೆಳಗಿಳಿಯಿತು. ಸ್ವಂತ ವಾಹನವಿದ್ದು, ರೂಟ್ ಚೆನ್ನಾಗಿ ಬಲ್ಲವರಿಗೆ ಗುತ್ತಿಗೆಯೇ ಲಾಭವಾಗಬಹುದು. ನನ್ನ ಬಳಿ ವಾಹನವಿರಲಿಲ್ಲ, ಹಾಗಾಗಿ ಸಂಬಳವನ್ನೇ ಒಪ್ಪಿಕೊಂಡೆ.

ಸೂಪರ್‌ವೈಸರ್ ಪಕ್ಕದಲ್ಲಿ ಕೂತು ವ್ಯಾನ್ ಓಡಿಸುವ ಪರೀಕ್ಷೆ ನಡೆಸಿದರು. ಹಿಂದಕ್ಕೆ ತೆಗೆಯುವಾಗ ಇಳಿದು ಒಮ್ಮೆ ಹಿಂಬದಿ ನೋಡಿ ಬಂದದ್ದಕ್ಕೆ ತಲೆಯಾಡಿಸಿದರು. ಒಬ್ಬನೇ ಹೊರಟ ಮೊದಲ ದಿನ ನನಗೆ 94 ನಿಲುಗಡೆಗಳಿದ್ದವು. ನಸುಕಿನಲ್ಲೇ ಬಂದು ವ್ಯಾನನ್ನು ನಾನೇ ತುಂಬಿದೆ. ಮೂರು ಪಾರ್ಸೆಲ್‌ಗಳು ಮಾತ್ರ, ಮನೆಗೆ ಬೀಗವಿದ್ದುದರಿಂದ, ನನ್ನೊಂದಿಗೆ ಹಬ್‌ಗೆ ಮರಳಿದವು.