ಉಸುಕಜ್ಜ ಪುಣೆಗೆ ಬಂದದ್ದು

ಮಕ್ಕಳ ಹಳೆಯ ಕಾದಂಬರಿಯೊಂದನ್ನು ಸಿನಿಮಾ ಮಾಡೋಣ ಅಂತ ಯಾರಾದರೂ ಬಂದರೆ, ಬರೆದವರು ತೀರಿಕೊಂಡದ್ದು ಯಾವ ವರ್ಷ ಅಂತ ಮೊದಲು ಕೇಳುತ್ತೇನೆ. ಕೇಳುವವರಿಗೆ ಒರಟು ಅನ್ನಿಸಬಹುದು. ಆದರೆ ನಮ್ಮ ದೇಶದಲ್ಲಿ ಲೇಖಕರು ಸತ್ತು 60 ವರ್ಷ ಕಳೆದ ಮೇಲೆ ಕೃತಿ ಎಲ್ಲರದ್ದಾಗುತ್ತದೆ, ಇಂಗ್ಲೆಂಡಿನಲ್ಲಿ 70 ವರ್ಷ. ನಾನೀಗ ಸಿನಿಮಾಕ್ಕೆ ಚಿತ್ರಕಥೆ ಬರೆದ, ಇಂಗ್ಲಿಷ್ ಲೇಖಕಿ ಇ. ನೆಸ್‌ಬಿಟ್ ಅವರ ‘ಫೈವ್ ಚಿಲ್ಡ್ರನ್ ಅಂಡ್ ಇಟ್’ ಬಂದದ್ದು 1902ರಲ್ಲಿ, ಆಕೆ ತೀರಿಕೊಂಡದ್ದು 1924ರಲ್ಲಿ. ಎರಡೂ ಲೆಕ್ಕದಲ್ಲಿ ದಾರಿ ಖಾಲಿ. ಆದರೆ 2004ರಲ್ಲಿ ಇದೇ ಪುಸ್ತಕದ ಮೇಲೆ ಇಂಗ್ಲಿಷಿನಲ್ಲಿ ಒಂದು ಸಿನಿಮಾ ಬಂದಿದೆ. ಅದರ ಹಕ್ಕು ಬೇರೆ. ಅವರು ಹೊಸದಾಗಿ ಸೇರಿಸಿದ ಯಾವುದನ್ನೂ ನಾವು ಮುಟ್ಟುವ ಹಾಗಿಲ್ಲ. ಚಿತ್ರಕಥೆ ಮುಗಿಯುವವರೆಗೆ ಅದನ್ನು ನೋಡುವುದೇ ಬೇಡ ಅಂತ ನಿರ್ದೇಶಕರೂ ನಾನೂ ಮಾತಾಡಿಕೊಂಡೆವು.

ಪುಸ್ತಕ ಓದದವರಿಗೆ ಎರಡು ಮಾತು. ಲಂಡನ್ ಬಿಟ್ಟು ಹಳ್ಳಿ ಮನೆಗೆ ಬಂದ ಐದು ಮಕ್ಕಳು, ಅವರಲ್ಲೊಂದು ಕೂಸು. ಮನೆ ಹತ್ತಿರದ ಜಲ್ಲಿ ಗುಂಡಿಯಲ್ಲಿ ಅಗೆಯುವಾಗ ಮರಳಿನೊಳಗಿಂದ ಒಂದು ವಿಚಿತ್ರ ಪ್ರಾಣಿ ಏಳುತ್ತದೆ. ಬಸವನ ಹುಳುವಿನ ಹಾಗೆ ಉದ್ದ ಕೋಲಿನ ತುದಿಯಲ್ಲಿ ಕಣ್ಣು, ಬಾವಲಿ ಕಿವಿ, ಜೇಡದಂಥ ಡುಮ್ಮ ಹೊಟ್ಟೆ, ಮೈತುಂಬ ತುಪ್ಪಳ, ಮಂಗನ ಕೈಕಾಲು. ಮಹಾ ಸಿಡುಕು. ದಿನಕ್ಕೊಂದು ಆಸೆ ಈಡೇರಿಸುತ್ತದೆ. ಸೂರ್ಯ ಮುಳುಗಿದರೆ ಎಲ್ಲ ಮಾಯ. ನೀರು ತಾಗಿದರೆ ಅದಕ್ಕೆ ಪ್ರಾಣಕ್ಕೇ ಅಪಾಯ.

ಈ ಮೂರು ನಿಯಮಗಳೇ ಕಾದಂಬರಿ ಅಂತ ನನ್ನ ನಂಬಿಕೆ. ಉಳಿದದ್ದನ್ನೆಲ್ಲ ಬದಲಿಸಬಹುದು. ಕನ್ನಡದವರಿಗೆ ಇದು ಹೊಸದೂ ಅಲ್ಲ. ನಾ. ಕಸ್ತೂರಿಯವರು ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯ ಆಲಿಸ್ ಎಂಬ ಹುಡುಗಿಯನ್ನು ಪಾಪಚ್ಚಿ ಮಾಡಿ ಪಾತಾಳಕ್ಕೆ ಇಳಿಸಿದವರು. ಅವರ ಧೈರ್ಯದ ಒಂದು ಪಾಲು ಸಿಕ್ಕಿದ್ದರೂ ನನಗೆ ಸಾಕಿತ್ತು.

ನಮ್ಮ ನಿರ್ಮಾಪಕರ ಮನಸ್ಸಿನಲ್ಲಿ ಇದ್ದದ್ದು ಗೋವಾದ ಬೀಚು. ಮರಳು ಅಂದರೆ ಬೀಚು, ಬೀಚು ಅಂದರೆ ರಜೆ, ಒಂದೆರಡು ಹಾಡು. ನಾನು ಪುಣೆಯ ಹಿಂಜವಡಿ ಕಡೆ ವಾಸ ಮಾಡುವವನು. ನನಗೆ ಮರಳು ಕಾಣುವುದು ಕಟ್ಟಡಗಳ ಮುಂದೆ. ಅಲ್ಲಿ ಕೆಲಸಕ್ಕೆ ಬಂದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಮಂದಿ ಬಹಳ. ಪತ್ರಾಸಿನ ಶೆಡ್ಡುಗಳ ನಡುವೆ ಹೋದರೆ ಅಪ್ಪಟ ನಮ್ಮ ಕಡೆಯ ಕನ್ನಡ ಕೇಳುತ್ತದೆ. ಅಪ್ಪ ಗವಂಡಿ, ಅವ್ವ ಬುಟ್ಟಿ ಹೊರುತ್ತಾಳೆ, ಮಕ್ಕಳು ದಿನವಿಡೀ ಉಸುಕಿನ ಗುಡ್ಡೆಯ ಮೇಲೆ. ಪುಸ್ತಕದ ಮಕ್ಕಳಿಗೆ ಜಲ್ಲಿ ಗುಂಡಿಯಾದರೆ ಇವರಿಗೆ ಇದು. ಬೀಚನ್ನು ಕೈಬಿಡಿಸಲು ಜಾಸ್ತಿ ವಾದ ಮಾಡಬೇಕಾಗಲಿಲ್ಲ. ‘ನೀರು ಕಂಡರೆ ಸಾಯುವ ಪ್ರಾಣಿ ಸಮುದ್ರದ ಪಕ್ಕ ಯಾಕಿರುತ್ತೆ?’ ಅಂದೆ. ಅಷ್ಟೇ.

ಇನ್ನೊಂದು ಅನುಕೂಲವೂ ಆಯಿತು. ಈಗ ಸೈಟುಗಳಲ್ಲಿ ನದಿ ಮರಳು ಅಪರೂಪ, ಬರುವುದೆಲ್ಲ ಎಂ-ಸ್ಯಾಂಡ್, ಅಂದರೆ ಕಲ್ಲು ಅರೆದ ಪುಡಿ. ನಮ್ಮ ಪ್ರಾಣಿ ಬರುವುದು ಒಂದೇ ಒಂದು ಲಾರಿ ಭೀಮಾ ನದಿಯ ಉಸುಕಿನ ಜೊತೆ, ಪ್ಲಾಸ್ಟರ್ ಕೆಲಸಕ್ಕೆ ಅಂತ ಕದ್ದು ತರಿಸಿದ್ದು. ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ಹರಿಯುವುದು ಈ ಮಕ್ಕಳ ಊರಿನ ಮಗ್ಗುಲಲ್ಲಿ. ಹಾಗಾಗಿ ಪ್ರಾಣಿಗೆ ಅವರ ಮಾತು ಬರುತ್ತದೆ, ಬೇರೆ ಸಮಜಾಯಿಷಿ ಬೇಕಿಲ್ಲ. ಅದು ಏಳುತ್ತಲೇ ಪಕ್ಕದ ಗುಡ್ಡೆಯನ್ನು ಮೂಸಿ ಹೇಳುವ ಮೊದಲ ಮಾತು: ‘ಥೂ, ಇದೇನು ಉಸುಕೇನ? ಕಲ್ಲಿನ ಹಿಟ್ಟು!’ ಮಕ್ಕಳು ಅದಕ್ಕೆ ಉಸುಕಜ್ಜ ಅಂತ ಹೆಸರಿಟ್ಟರು.

ಈಗ ಕಷ್ಟದ ಭಾಗ. ಪುಸ್ತಕ ಮೊದಲು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು. ಅಧ್ಯಾಯಕ್ಕೊಂದು ಆಸೆ, ಸಂಜೆಗೆ ಮುಕ್ತಾಯ. ಓದಲು ಚೆನ್ನ. ಸಿನಿಮಾದಲ್ಲಿ ಹಾಗೆ ಮಾಡಿದರೆ ಮೂರನೆಯ ಆಸೆಗೇ ಜನ ಫೋನು ತೆಗೆಯುತ್ತಾರೆ. ಹೇಗೂ ಸಂಜೆಗೆ ಎಲ್ಲ ಸರಿಹೋಗುತ್ತದೆ ಅಂತ ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ, ಅಲ್ವಾ? ಎಲ್ಲ ಆಸೆಗಳನ್ನೂ ಪೋಣಿಸುವ ಒಂದು ದಾರ ಬೇಕಿತ್ತು. ಕಳೆದುಹೋದ ಅಪ್ಪ, ದುಷ್ಟ ಬಿಲ್ಡರ್, ನಿಧಿ ಹುಡುಕುವ ಕಳ್ಳರು, ಎಲ್ಲ ಬರೆದು ಹರಿದೆವು. ಕೊನೆಗೆ ಉತ್ತರ ಕೊಟ್ಟದ್ದು ಸೈಟು. ಉಸುಕಿನ ಗುಡ್ಡೆ ಅಲ್ಲೇ ಇರುವ ವಸ್ತು ಅಲ್ಲ. ಪ್ಲಾಸ್ಟರಿಗೆ ದಿನವೂ ಖರ್ಚಾಗುತ್ತದೆ. ಅಂದರೆ ಉಸುಕಜ್ಜನ ಮನೆ ದಿನದಿಂದ ದಿನಕ್ಕೆ ಸಣ್ಣದಾಗುತ್ತದೆ. ಅದನ್ನು ಖಾಲಿ ಮಾಡುತ್ತಿರುವವರು ಮಕ್ಕಳ ಅಪ್ಪ ಅವ್ವಂದಿರೇ. ಖಾಲಿಯಾದ ದಿನ ಕೆಲಸ ಮುಗಿಯುತ್ತದೆ, ಇವರೂ ಶೆಡ್ಡು ಕಿತ್ತುಕೊಂಡು ಹೊರಡಬೇಕು. ದುಷ್ಟರು ಯಾರೂ ಬೇಕಾಗಲಿಲ್ಲ. ಕ್ಯೂರಿಂಗಿಗೆ, ಅಂದರೆ ಸಿಮೆಂಟು ಗಟ್ಟಿಯಾಗಲಿ ಅಂತ, ಪೈಪು ಹಿಡಿದು ನೀರು ಹೊಡೆಯುವ ವಾಚ್‌ಮನ್ ಕಾಕಾ, ಪಾಪ, ತನಗೆ ಗೊತ್ತಿಲ್ಲದೆ ಸಿನಿಮಾದ ಅತಿ ಭಯಂಕರ ಮನುಷ್ಯನಾದ.

ಪುಸ್ತಕದ ಆಸೆಗಳಲ್ಲಿ ನಾಲ್ಕನ್ನೇ ಉಳಿಸಿಕೊಂಡೆ. ಐದು ಮಕ್ಕಳನ್ನೂ ನಾಲ್ಕು ಮಾಡಿದೆ. ಕೋಟೆಗೆ ಮುತ್ತಿಗೆ ಹಾಕುವ ಅಧ್ಯಾಯ ಹೋಯಿತು, ದುಡ್ಡಿಲ್ಲ. ಅಮೆರಿಕದ ಮೂಲನಿವಾಸಿಗಳು ಬರುವ ಅಧ್ಯಾಯ ಇಂದಿನ ಮಕ್ಕಳಿಗೆ ತೋರಿಸುವಂಥದ್ದಲ್ಲ, ಅದನ್ನು ಬಿಡಲು ಒಂದು ಕ್ಷಣವೂ ಯೋಚಿಸಲಿಲ್ಲ.

ದುಡ್ಡಿನ ಆಸೆ. ಪುಸ್ತಕದಲ್ಲಿ ಗುಂಡಿ ತುಂಬ ಹಳೆಯ ಚಿನ್ನದ ನಾಣ್ಯ ಸಿಗುತ್ತದೆ, ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಮೊದಲ ಕರಡಿನಲ್ಲಿ 2016ರಲ್ಲಿ ರದ್ದಾದ ಸಾವಿರದ ನೋಟು ಇಟ್ಟಿದ್ದೆ. ಓದಿ ಹೇಳಿದಾಗ ದೊಡ್ಡವರು ಬಿದ್ದು ಬಿದ್ದು ನಕ್ಕರು, ಮಕ್ಕಳು ಸುಮ್ನೆ ಕೂತಿದ್ದರು. ಎಂಟು ವರ್ಷದವರಿಗೆ ಆ ನೋಟೇ ಗೊತ್ತಿಲ್ಲ. ಅದರ ಬದಲು ಹತ್ತು ರೂಪಾಯಿಯ ನಾಣ್ಯ ತಂದೆ. ನಮ್ಮ ಕಡೆ ಬಹಳ ಕಾಲ ಅದನ್ನು ಅಂಗಡಿಯಲ್ಲಿ ಮುಟ್ಟುತ್ತಿರಲಿಲ್ಲ. 14 ವಿನ್ಯಾಸಗಳೂ ಚಲಾವಣೆಯವೇ ಅಂತ ರಿಸರ್ವ್ ಬ್ಯಾಂಕು 2018ರಲ್ಲಿ ಪ್ರಕಟಣೆ ಕೊಡಬೇಕಾಯಿತು. ಮಕ್ಕಳ ಹತ್ತಿರ ಬುಟ್ಟಿಗಟ್ಟಲೆ ನಾಣ್ಯ, ಇಂಡಿ ಕಡೆಯ ಕಿರಾಣಿ ಅಂಗಡಿಯವ ತಲೆ ಅಲ್ಲಾಡಿಸುತ್ತಾನೆ: ‘ಹತ್ತರ ಕಾಯಿನ್ ಊರಾಗ ನಡೆಯಂಗಿಲ್ಲವಾ, ಫೋನ್ ಇದ್ರ ಸ್ಕ್ಯಾನ್ ಮಾಡು.’ ಸಿನಿಮಾದ ಅತಿ ಅಗ್ಗದ ದೃಶ್ಯ ಇದು, ಜಾಸ್ತಿ ನಗು ಬರುವುದೂ ಇಲ್ಲೇ.

ಮುಂದಿನದು ಚೆಂದ ಕಾಣುವ ಆಸೆ. ಮೂಲದಲ್ಲಿ ಇದೇ ಮೊದಲು ಬರುತ್ತದೆ. ಮಕ್ಕಳು ಎಷ್ಟು ಚೆಂದ ಆಗುತ್ತಾರೆಂದರೆ ಮನೆಯ ಆಳೇ ಗುರುತು ಹಿಡಿಯದೆ ಬಾಗಿಲು ಹಾಕುತ್ತಾಳೆ. ನಾನು ಅದನ್ನು ಎರಡನೆಯದು ಮಾಡಿದೆ. ನಮ್ಮ ಮಕ್ಕಳು ಕೇಳುವುದು ಫ್ಲ್ಯಾಟು ನೋಡಲು ಕಾರಿನಲ್ಲಿ ಬರುವ ಮಕ್ಕಳ ಹಾಗೆ ಕಾಣಬೇಕು ಅಂತ. ಗೇಟಿನವ ಸಲ್ಯೂಟ್ ಹೊಡೆಯುತ್ತಾನೆ, ಸ್ಯಾಂಪಲ್ ಫ್ಲ್ಯಾಟಿನಲ್ಲಿ ತಣ್ಣನೆ ಜ್ಯೂಸು ಕೊಡುತ್ತಾರೆ. ಆಮೇಲೆ ಹಸಿವಾಗಿ ಅವ್ವನ ಹತ್ತಿರ ಹೋಗುತ್ತಾರೆ. ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ‘ಈ ಕಡೆ ಬರಬ್ಯಾಡ್ರಿ ಸಣ್ಣ ಸಾಹೇಬ್ರ, ಧೂಳು ಹಾರತದ, ಬಟ್ಟಿ ಹೊಲಸ ಆಗ್ತಾವು’ ಅನ್ನುತ್ತಾಳೆ. ಸ್ವಂತ ಮಗನಿಗೆ. ಈ ಸಾಲನ್ನು ಬರೆದ ಮೇಲೆಯೇ ನಾನು ಬರೆಯುತ್ತಿರುವ ಸಿನಿಮಾ ಯಾವುದು ಅಂತ ನನಗೆ ತಿಳಿದದ್ದು. ಆ ಪಾತ್ರ ಮಾಡಿದವರು ವಿಜಯಪುರದ ಕಂಪನಿ ನಾಟಕದಲ್ಲಿ ಪಳಗಿದ ನಟಿ. ರಿಹರ್ಸಲಿನಲ್ಲಿ ಕಣ್ಣೀರು ತಂದಾಗ ನಿರ್ದೇಶಕರು ಬೇಡ ಅಂದರು. ಅವಳಿಗೆ ಇದು ದುಃಖದ ಮಾತಲ್ಲ, ದಿನಾ ಆಡುವ ಮಾತು. ಹಾಗೆಯೇ ಆಡಿದರು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದ ಮಕ್ಕಳು, ಈ ಮಾಯೆ ಮನೆಯ ಆಳುಗಳ ಕಣ್ಣಿಗೆ ಬೀಳದಿರಲಿ ಅಂತ ಪ್ರಾಣಿಯನ್ನು ಬೇರೆಯಾಗಿಯೇ ಕೇಳಿಕೊಳ್ಳುತ್ತಾರೆ. ನಮ್ಮ ಕಥೆಗೆ ಆ ಏರ್ಪಾಡು ಬೇಕಾಗಲಿಲ್ಲ. ಸೈಟಿನ ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಅಲ್ಲಿ ಯಾರೂ ನೋಡುವುದಿಲ್ಲ.

ಮೂರನೆಯದು ಕೂಸಿನದು. ದಿನವಿಡೀ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೇಸತ್ತ ರೇಣುಕಾ ಬಾಯಿ ತಪ್ಪಿ ಅನ್ನುತ್ತಾಳೆ, ‘ಯಾರರೆ ಒಯ್ಯಲಿ ಇವನ್ನ, ಸಾಕಾಗೇದ ನನಗ.’ ಆಯಿತು. ಸೂಪರ್‌ವೈಸರ್, ಫ್ಲ್ಯಾಟು ಕೊಳ್ಳಲು ಬಂದ ದಂಪತಿ, ಟ್ರಾಫಿಕ್ ಪೊಲೀಸ್, ಎಲ್ಲರಿಗೂ ಆ ಸುಂಬಳ ಸುರಿಯುವ ಕೂಸೇ ಬೇಕು. ಇದು ನಗುವಿನಿಂದ ಶುರುವಾಗಿ ಭಯಕ್ಕೆ ತಿರುಗುವ ಜಾಗ. ಕಾರಿನ ಬಾಗಿಲು ಮುಚ್ಚಿದ ಸದ್ದಿಗೆ ನಗು ನಿಲ್ಲುವಂತೆ ಬರೆದೆವು. ಸಣ್ಣ ಮಕ್ಕಳು ನೋಡುವ ಸಿನಿಮಾದಲ್ಲಿ ಆ ಭಯ ಎಷ್ಟು ಹೊತ್ತು ಇರಬಹುದು ಅಂತ ನಮ್ಮಲ್ಲೇ ಜಗಳ ನಡೆಯಿತು, ಕೊನೆಗೆ ಎರಡು ನಿಮಿಷಕ್ಕಿಂತ ಕಡಿಮೆಗೆ ಇಳಿಸಿದೆವು. ಮೂಲದಲ್ಲಿ ಕೂಸನ್ನು ಒಯ್ಯಲು ಬರುವವರು ಅಲೆಮಾರಿಗಳು. ಆ ಚಿತ್ರಣ ಇಂದಿಗೆ ಸಲ್ಲದು, ತೆಗೆದೆ. ಆದರೆ ಅವರ ನಡುವೆ ಮಕ್ಕಳನ್ನು ಕಳೆದುಕೊಂಡ ಒಬ್ಬ ಹೆಂಗಸಿದ್ದಾಳೆ. ಸೂರ್ಯ ಮುಳುಗಿ ಉಳಿದವರಿಗೆಲ್ಲ ಕೂಸು ಬೇಡವಾದ ಮೇಲೂ ಅವಳು ಅದನ್ನು ಮುದ್ದಿಸಿ ಹರಸುತ್ತಾಳೆ. ಅವಳನ್ನು ಬಿಡಲು ಆಗಲಿಲ್ಲ. ನಮ್ಮಲ್ಲಿ ಅವಳು ಚಹಾ ಗಾಡಿಯ ಮರಾಠಿ ಮೌಶಿ.

ರೆಕ್ಕೆಯ ಆಸೆ ಪುಸ್ತಕದಲ್ಲಿ ಚರ್ಚಿನ ಗೋಪುರದ ಮೇಲೆ ಮುಗಿಯುತ್ತದೆ. ಮಕ್ಕಳು ಅಲ್ಲೇ ನಿದ್ದೆ ಹೋಗುತ್ತಾರೆ, ಎದ್ದಾಗ ರೆಕ್ಕೆ ಇಲ್ಲ. ನಮಗೆ ಹನ್ನೊಂದನೆಯ ಮಹಡಿಯ ಸ್ಲ್ಯಾಬು, ಕಂಬಿ ಇಲ್ಲದ ಮೆಟ್ಟಿಲು. ಚಿತ್ರೀಕರಿಸಿದ್ದು ನೆಲದಿಂದ ಆರಡಿ ಎತ್ತರದ ಸೆಟ್ಟಿನಲ್ಲಿ. ಮೇಲಿನಿಂದ ಕಾಣುವ ಪುಣೆಯನ್ನು ಬೇರೆಯಾಗಿ ತೆಗೆದು ಜೋಡಿಸಿದೆವು.

ಇಲ್ಲಿಂದ ಮುಂದೆ ಎಲ್ಲ ಸೂರ್ಯನ ಕಾಟ. ಪ್ರತಿ ಆಸೆಯೂ ಸೂರ್ಯಾಸ್ತಕ್ಕೆ ಮುಗಿಯಬೇಕು, ಅಂದರೆ ಪ್ರತಿ ಮುಖ್ಯ ದೃಶ್ಯಕ್ಕೂ ನಿಜವಾದ ಸಂಜೆ ಬೇಕು. ಡಿಸೆಂಬರಿನಲ್ಲಿ ಪುಣೆಯ ಸೂರ್ಯ ಆರು ಗಂಟೆ ಸುಮಾರಿಗೆ ಹೊರಡುತ್ತಾನೆ. ಸರಿಯಾದ ಬೆಳಕು ಸಿಗುವುದು ಅರ್ಧ ಗಂಟೆಗೂ ಕಡಿಮೆ. ಇತ್ತ 2017ರ ನಿಯಮದ ಪ್ರಕಾರ ಮಕ್ಕಳನ್ನು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಮೂರು ಗಂಟೆಗೊಮ್ಮೆಯಾದರೂ ಬಿಡುವು ಕೊಡಬೇಕು. ಜಿಲ್ಲಾಧಿಕಾರಿಯ ಅನುಮತಿ ಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರರನ್ನು ನೇಮಿಸಬೇಕು. ಅವರ ಸಂಪಾದನೆಯಲ್ಲಿ ಶೇಕಡಾ 20 ಅವರದೇ ಹೆಸರಿನ ಎಫ್‌ಡಿಗೆ ಹೋಗಬೇಕು. ಒಳ್ಳೆಯ ನಿಯಮ. ಅದನ್ನು ಪಾಲಿಸಿದರೆ ವೇಳಾಪಟ್ಟಿ ತಾನಾಗಿ ಬರೆದುಕೊಳ್ಳುತ್ತದೆ: ಸಂಜೆಯ ದೃಶ್ಯವಿರುವ ದಿನ ಮಕ್ಕಳು ಬರುವುದು ಮಧ್ಯಾಹ್ನ ಊಟದ ಮೇಲೆ, ಬೆಳಗ್ಗೆಯೆಲ್ಲ ದೊಡ್ಡವರ ದೃಶ್ಯ. ಎರಡು ಕ್ಯಾಮೆರಾ ಇರಲಿ. ಸಂಭಾಷಣೆ ಕಡಿಮೆ ಇರಲಿ. ಸೂರ್ಯಾಸ್ತದ ದೃಶ್ಯಗಳಲ್ಲಿ ಮಾತು ಕಿತ್ತು ಹಾಕಿದ್ದು ಈ ಕಾರಣಕ್ಕೆ. ಕಲೆ ಗಿಲೆ ಏನಲ್ಲ.

ಉಸುಕಜ್ಜನನ್ನು ಕಂಪ್ಯೂಟರಿನಲ್ಲಿ ಮಾಡುವುದೋ ಗೊಂಬೆ ಮಾಡುವುದೋ ಅನ್ನುವ ಪ್ರಶ್ನೆ ಬಹಳ ದಿನ ಎಳೆಯಿತು. ಕೋಲಿಗೆ ಸಿಕ್ಕಿಸಿದ ಟೆನಿಸ್ ಚೆಂಡಿನ ಜೊತೆ ಮಕ್ಕಳನ್ನು ಮಾತಾಡಿಸಿ ನೋಡಿದೆವು, ಅವರು ಚೆಂಡಿನ ಜೊತೆ ಮಾತಾಡಿದ ಹಾಗೆಯೇ ಕಂಡಿತು. ಗೊಂಬೆ ಬಂದ ದಿನ ನಮ್ಮ ಕೂಸು ಅದರ ಕಣ್ಣು ಹಿಡಿದು ಎಳೆಯಿತು. ತೀರ್ಮಾನ ಅಲ್ಲಿಗೇ ಆಯಿತು. ಫೋಮಿನ ಮೈ, ಮೇಲೆ ತುಪ್ಪಳ. ಒಬ್ಬರು ಒಳಗೆ ಕೈ ಹಾಕಿ ಬಾಯಿ ಆಡಿಸುತ್ತಾರೆ, ಇನ್ನೊಬ್ಬರು ತಂತಿ ಎಳೆದು ಕಣ್ಣಿನ ಕೋಲು ಆಡಿಸುತ್ತಾರೆ. ಇಬ್ಬರೂ ಗುಡ್ಡೆಯ ಹೊಟ್ಟೆಯೊಳಗೆ ಮಲಗಿರಬೇಕು. ಒಂದು ಘನ ಮೀಟರ್ ಮರಳು ಸುಮಾರು 1,600 ಕಿಲೋ ತೂಗುತ್ತದೆ, ಹಾಗಾಗಿ ನಿಜವಾದ ಗುಡ್ಡೆಯೊಳಗೆ ಮನುಷ್ಯರನ್ನು ಇಡುವ ಮಾತೇ ಇಲ್ಲ. ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್, ಅದರ ಮೇಲೆ ತೆಳ್ಳಗೆ ಮರಳು, ಹಿಂದಿನಿಂದ ಗಾಳಿಗೆ ದಾರಿ. ಗುಡ್ಡೆ ಕಥೆಯಲ್ಲಿ ಸಣ್ಣದಾಗುತ್ತಾ ಹೋಗುವುದರಿಂದ ನಾಲ್ಕು ಎತ್ತರದ ಚೌಕಟ್ಟು ಬೇಕಾಯಿತು. ಕಲಾ ವಿಭಾಗದವರು ನನ್ನನ್ನು ಬೈದದ್ದು ಅದಕ್ಕೇ.

ಕೊನೆಯ ದೃಶ್ಯಕ್ಕೆ ನಿರ್ಮಾಪಕರು ಒಂದು ಮನೆ ಕೇಳಿದರು. ಉಸುಕಜ್ಜ ಹೋಗುವ ಮೊದಲು ಆ ಕುಟುಂಬಕ್ಕೆ ಅದೇ ಕಟ್ಟಡದಲ್ಲಿ ಒಂದು ಫ್ಲ್ಯಾಟು ಕೊಟ್ಟುಬಿಡಲಿ ಅಂತ. ಥಿಯೇಟರಿನಲ್ಲಿ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಅಷ್ಟು ಹೊತ್ತು ನೋಡಿದ ನಿಯಮವನ್ನು ಕೊನೆಯ ಐದು ನಿಮಿಷದಲ್ಲಿ ಮುರಿದರೆ ಮಕ್ಕಳಿಗೇ ಮೊದಲು ಗೊತ್ತಾಗುತ್ತದೆ. ಹೋಗಲಿ, ಸಂಜೆವರೆಗೆ ಕೊಡಿಸೋಣ ಅಂದೆ. ಅವರು ಸಿಟ್ಟಾದರು, ಆಮೇಲೆ ನಕ್ಕರು. ಈಗ ಸಿನಿಮಾದಲ್ಲಿ ಇರುವುದು ಇದು: ಮಕ್ಕಳು ಏನನ್ನೂ ಕೇಳುವುದಿಲ್ಲ. ಉಳಿದ ಉಸುಕನ್ನೂ ಅಜ್ಜನನ್ನೂ ಖಾಲಿ ಸಿಮೆಂಟು ಚೀಲಕ್ಕೆ ತುಂಬಿ ಟೆಂಪೋಗೆ ಹಾಕುತ್ತಾರೆ. ಚೀಲ ಯಾಕೆ ಇಷ್ಟು ಭಾರ ಅಂತ ಡ್ರೈವರ್ ಮರಾಠಿಯಲ್ಲಿ ಬೈಯುತ್ತಾನೆ. ಚೀಲವೂ ತಿರುಗಿ ಬೈಯುತ್ತದೆ.

ಡಬ್ಬಿಂಗ್ ಮುಗಿಯುತ್ತಾ ಬಂದಿದೆ. ನೆಸ್‌ಬಿಟ್ ಇದೇ ಮಕ್ಕಳ ಮೇಲೆ ಇನ್ನೂ ಎರಡು ಪುಸ್ತಕ ಬರೆದಿದ್ದಾರೆ. 1906ರ ಮೂರನೆಯದರಲ್ಲಿ ಮರಳಿನ ಪ್ರಾಣಿ ಲಂಡನ್ನಿನ ಒಂದು ಪ್ರಾಣಿಗಳ ಅಂಗಡಿಯಲ್ಲಿ ಮಾರಾಟಕ್ಕೆ ಇರುತ್ತದೆ. ಇದನ್ನು ಬಾಯಿ ತಪ್ಪಿ ನಿರ್ಮಾಪಕರ ಮುಂದೆ ಹೇಳಿದೆ. ಮರುದಿನವೇ ಫೋನು: ‘ಪುಣೆಯಲ್ಲಿ ನಾಯಿ, ಗಿಳಿ ಮಾರುವ ಅಂಗಡಿ ಎಲ್ಲೆಲ್ಲಿವೆ, ನೋಡ್ಕೊಂಡು ಬರ್ತೀರಾ?’