ಹಳೆ ಸೂಟು ಹುಡುಕುವುದು ಹೇಗೆ: ಹೆಗಲು ಮೊದಲು, ಬೆಲೆ ಕೊನೆಗೆ

ಓದಲೆಂದೋ ಕೆಲಸಕ್ಕೆಂದೋ ಅಮೆರಿಕಕ್ಕೆ ಹೋದ ನಮ್ಮ ಹುಡುಗರಿಗೆ ವರ್ಷ ತುಂಬುವುದರೊಳಗೆ ಒಂದು ಸೂಟು ಬೇಕಾಗುತ್ತದೆ. ಇಂಟರ್‌ವ್ಯೂ ಇರುತ್ತದೆ, ಸಮ್ಮೇಳನ ಇರುತ್ತದೆ, ಗೆಳೆಯನ ಮದುವೆ ಇರುತ್ತದೆ. ಅಗ್ಗದ ಹೊಸ ಸೂಟು ಕೊಂಡರೆ ಅಂಟು ಹಾಕಿ ಕೂಡಿಸಿದ ಪಾಲಿಯೆಸ್ಟರ್ ಸಿಗುತ್ತದೆ. ಅದಕ್ಕಿಂತ ಕಡಿಮೆ ದುಡ್ಡಿಗೆ ಅಲ್ಲಿನ ಥ್ರಿಫ್ಟ್ ಸ್ಟೋರುಗಳಲ್ಲಿ, ಅಂದರೆ ದಾನವಾಗಿ ಬಂದ ಬಳಸಿದ ಬಟ್ಟೆ ಮಾರುವ ಅಂಗಡಿಗಳಲ್ಲಿ, 50–60 ವರ್ಷದ ಹಿಂದೆ ಹೊಲಿದ ಅಪ್ಪಟ ಉಣ್ಣೆಯ ಸೂಟು ಸಿಗುವುದುಂಟು. ನೋಡುವ ಕಣ್ಣಿರಬೇಕು. ಆ ಕಣ್ಣು ಕೋಟಿನ ಮುಂಭಾಗಕ್ಕಿಂತ ಒಳಭಾಗವನ್ನು ಹೆಚ್ಚು ನೋಡಬೇಕು.

ಎಲ್ಲಿ, ಯಾವಾಗ

ಗುಡ್‌ವಿಲ್ ಅಂಗಡಿಗಳು ಬಹಳಷ್ಟು ಊರುಗಳಲ್ಲಿ ಇವೆ. 1902ರಲ್ಲಿ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಶುರು ಮಾಡಿದ ಸಂಸ್ಥೆ ಅದು. ಸಾಲ್ವೇಶನ್ ಆರ್ಮಿ, ಸೇಂಟ್ ವಿನ್ಸೆಂಟ್ ಡಿ ಪಾಲ್ ಅಂಗಡಿಗಳನ್ನೂ ಬಿಡಬೇಡಿ. ನಿವೃತ್ತರು ಹೆಚ್ಚಿರುವ ಹಳೆ ಬಡಾವಣೆಗಳ ಆಸುಪಾಸಿನ ಅಂಗಡಿಗೆ ಮೊದಲು ಹೋಗಿ. ಮನೆ ಖಾಲಿ ಮಾಡುವಾಗ ಬೀರುವಿನಲ್ಲಿದ್ದ ಸೂಟುಗಳೆಲ್ಲ ಒಟ್ಟಿಗೆ ಅಲ್ಲಿಗೆ ಬರುತ್ತವೆ. ಸೂಟು ಕಾರ್ಖಾನೆಗಳಿದ್ದ ರಾಚೆಸ್ಟರ್, ಷಿಕಾಗೊದಂಥ ಊರುಗಳಲ್ಲಿ ಇನ್ನೂ ಆಸೆ ಇಟ್ಟುಕೊಳ್ಳಬಹುದು. ದಾನಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಡಿಸೆಂಬರ್ ಕೊನೆಯಲ್ಲಿ ಜನ ಚೀಲಗಟ್ಟಲೆ ಬಟ್ಟೆ ತಂದು ಹಾಕುತ್ತಾರೆ, ಹಾಗಾಗಿ ಜನವರಿಯ ಮೊದಲ ವಾರಗಳು ಒಳ್ಳೆಯವು. ಮಾಲು ದಿನಾ ಹೊಸದು ಬರುತ್ತದೆ. ವಾರಕ್ಕೊಮ್ಮೆ ಅರ್ಧ ದಿನ ಹುಡುಕುವುದಕ್ಕಿಂತ ವಾರದಲ್ಲಿ ಮೂರು ಸಲ ಹದಿನೈದು ನಿಮಿಷ ಹೋಗಿ ಬರುವುದು ಮೇಲು.

ಹೋಗುವಾಗ ಅಳತೆ ಟೇಪು, ತೆಳು ಶರ್ಟು, ಫೋನಿನ ಟಾರ್ಚು ಸಾಕು. ಜೊತೆಗೆ ನಿಮಗೆ ಸರಿಯಾಗಿ ಕೂರುವ ಒಂದು ಕೋಟಿನ ನಾಲ್ಕು ಅಳತೆಗಳನ್ನು ಬರೆದಿಟ್ಟುಕೊಳ್ಳಿ: ಬೆನ್ನಿನ ಮೇಲೆ ಒಂದು ಹೆಗಲ ಹೊಲಿಗೆಯಿಂದ ಇನ್ನೊಂದರವರೆಗೆ, ಗುಂಡಿ ಹಾಕಿ ಮಲಗಿಸಿದಾಗ ಕಂಕುಳಿನಿಂದ ಕಂಕುಳಿಗೆ, ತೋಳಿನ ಉದ್ದ, ಕಾಲರಿನ ಕೆಳಗಿನಿಂದ ಬೆನ್ನಿನ ಉದ್ದ.

ಕೈ ಮೊದಲು ನೋಡಲಿ

ರ‍್ಯಾಕಿನ ಮುಂದೆ ನಿಂತು ಒಂದೊಂದೇ ಹ್ಯಾಂಗರ್ ತೆಗೆಯುತ್ತ ಹೋದರೆ ಹೊತ್ತು ಹೋಗುತ್ತದೆ. ಸಾಲಾಗಿ ತೋಳುಗಳ ಮೇಲೆ ಕೈ ಆಡಿಸಿಕೊಂಡು ಹೋಗಿ. ಉಣ್ಣೆ ಮೆತ್ತಗೆ, ಸ್ವಲ್ಪ ಒರಟಾಗಿ ಕೈಗೆ ಹತ್ತುತ್ತದೆ; ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. 1970ರ ದಶಕದ ಡಬಲ್‌ನಿಟ್ ಎಂಬ ಹೆಣೆದ ಪಾಲಿಯೆಸ್ಟರ್ ಎಳೆದರೆ ಹಿಗ್ಗುತ್ತದೆ, ಜಾರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಿ.

ಕೋಟು ಹಿಡಿಸಿದರೆ ಅದರ ಪ್ಯಾಂಟು ಹುಡುಕಬೇಕು. ಎಷ್ಟೋ ಅಂಗಡಿಗಳಲ್ಲಿ ಎರಡನ್ನೂ ಬೇರೆ ಮಾಡಿ, ಪ್ಯಾಂಟನ್ನು ಪ್ಯಾಂಟುಗಳ ಸಾಲಿಗೆ ಹಾಕಿರುತ್ತಾರೆ. ಸಿಕ್ಕರೆ ಎರಡನ್ನೂ ಬಾಗಿಲ ಬಳಿ ಹಗಲಿನ ಬೆಳಕಿಗೆ ಒಯ್ದು ಪಕ್ಕಪಕ್ಕ ಹಿಡಿಯಿರಿ. ಟ್ಯೂಬ್‌ಲೈಟಿನಲ್ಲಿ ಕಡುನೀಲಿ, ಕಪ್ಪು, ಗಾಢ ಬೂದು ಎಲ್ಲ ಒಂದೇ ಥರ ಕಾಣುತ್ತವೆ. ಕೋಟಿನ ಒಳಗಿನ, ಪ್ಯಾಂಟಿನ ಒಳಗಿನ ಚೀಟಿಗಳೆರಡರಲ್ಲೂ ಒಂದೇ ಲಾಟ್ ಸಂಖ್ಯೆ ಇದ್ದರೆ ಅನುಮಾನವೇ ಬೇಡ.

ಒಳಜೇಬಿನ ಚೀಟಿ ಓದುವುದು

ಸೂಟಿನ ವಯಸ್ಸು ತಿಳಿಯುವುದು ಇಲ್ಲಿಯೇ. ಕೋಟಿನ ಒಳಜೇಬನ್ನು, ಹೆಚ್ಚಾಗಿ ಬಲಗಡೆಯದನ್ನು, ಪೂರ್ತಿ ಹೊರಗೆಳೆದು ಟಾರ್ಚು ಹಾಕಿ. ಅಮೆರಿಕದಲ್ಲಿ ಹೊಲಿದ ಹಳೆ ಸೂಟಾದರೆ ಹೊಲಿಗೆ ಕಾರ್ಮಿಕರ ಸಂಘದ ಪುಟ್ಟ ಚೀಟಿ ಅಲ್ಲಿ ಇರಬಹುದು. ಅದರಲ್ಲಿ ಅಮಾಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಆಫ್ ಅಮೆರಿಕ ಎಂದಿದ್ದರೆ ಸೂಟು 1976ಕ್ಕಿಂತ ಮುಂಚಿನದು. ಆ ವರ್ಷ ಜವಳಿ ಕಾರ್ಮಿಕರ ಸಂಘ ಸೇರಿಕೊಂಡು ಹೆಸರಿಗೆ ‘ಟೆಕ್ಸ್‌ಟೈಲ್’ ಕೂಡಿತು. 1995ರಲ್ಲಿ ಇನ್ನೊಂದು ಸಂಘದೊಡನೆ ಬೆರೆತು ‘ಯುನೈಟ್’ ಆಯಿತು.

ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಇಸವಿಯೂ ಇರುತ್ತದೆ. ಬಹಳ ಜನ ಎಡವುವುದು ಇಲ್ಲಿ. 1949 ಎಂದಿದ್ದರೆ ಅದು ಆ ನಮೂನೆಯ ಚೀಟಿ ಬಂದ ವರ್ಷ. 1962ರಲ್ಲಿ ಹೊಸ ನಮೂನೆ ಬರುವ ತನಕ ಹೊಲಿದ ಸೂಟುಗಳಿಗೆಲ್ಲ ಅದೇ ಚೀಟಿ. 1962 ಎಂದಿದ್ದರೆ 1962ರಿಂದ 1976ರ ನಡುವಿನದು.

ಸಂಘದ ಚೀಟಿ ಇಲ್ಲದಿದ್ದರೆ ಬೇರೆ ಗುರುತುಗಳಿವೆ. ಬಟ್ಟೆ ಕಂಪನಿಗಳಿಗೆ ಅಮೆರಿಕ ಸರ್ಕಾರ ‘ಡಬ್ಲ್ಯುಪಿಎಲ್’ ಎಂಬ ಗುರುತಿನ ಸಂಖ್ಯೆಗಳನ್ನು ಕೊಡುತ್ತಿದ್ದದ್ದು 1941ರಿಂದ 1959ರವರೆಗೆ, ಆಮೇಲೆ ಕೊಟ್ಟದ್ದು ‘ಆರ್‌ಎನ್’ ಸಂಖ್ಯೆ ಮಾತ್ರ. ಆದರೆ ಕಂಪನಿಗಳು ಹಳೆ ಸಂಖ್ಯೆಯನ್ನೇ ದಶಕಗಟ್ಟಲೆ ಬಳಸುತ್ತಿದ್ದವು. ಆದ್ದರಿಂದ ‘ಇದಕ್ಕಿಂತ ಹಳೆಯದಲ್ಲ’ ಎಂದಷ್ಟೇ ಅದು ಹೇಳುತ್ತದೆ. ಒಗೆಯುವುದು ಹೇಗೆ, ಡ್ರೈಕ್ಲೀನ್ ಬೇಕೇ ಎಂದು ತಿಳಿಸುವ ಚೀಟಿ ಹೊಲಿದಿದ್ದರೆ ಸೂಟು ಬಹುಪಾಲು 1972ರ ಈಚಿನದು, ಆ ವರ್ಷ ಅದು ಕಡ್ಡಾಯವಾಯಿತು. ಪ್ಯಾಂಟಿನ ಜಿಪ್ಪನ್ನೂ ನೋಡಿ: ಲೋಹದ್ದಾದರೆ ಹಳೆಯದಿರಬಹುದು. ಲ್ಯಾಪೆಲ್, ಅಂದರೆ ಕೋಟಿನ ಎದೆಯ ಮೇಲೆ ಹೊರಕ್ಕೆ ಮಡಚಿದ ಪಟ್ಟಿ, ಎರಡು–ಎರಡೂವರೆ ಇಂಚಿನಷ್ಟು ಕಿರಿದಾಗಿದ್ದರೆ 1960ರ ದಶಕದ ಮೊದಲರ್ಧ, ನಾಲ್ಕು ಇಂಚು ದಾಟಿದ್ದರೆ 1970ರ ದಶಕ ಎಂದು ಊಹಿಸಬಹುದು. ಇದು ಊಹೆ ಮಾತ್ರ, ಚೀಟಿಯ ಮಾತೇ ಮೇಲು.

ಬಕ್ರಂ ಅಂಟಿನದೋ ಹೊಲಿಗೆಯದೋ

ಒಳ್ಳೆಯ ಕೋಟಿನ ಎದೆಯೊಳಗೆ ಆಕಾರ ನಿಲ್ಲಲೆಂದು ಕುದುರೆ ಕೂದಲು, ಉಣ್ಣೆ ಬೆರೆಸಿ ನೇಯ್ದ ಕ್ಯಾನ್ವಾಸು ಇರುತ್ತದೆ, ಅದನ್ನು ದಾರದಿಂದ ಹೊಲಿದಿರುತ್ತಾರೆ. ಅಗ್ಗದ್ದರಲ್ಲಿ ಅಂಟಿನ ಬಕ್ರಂ ಇಸ್ತ್ರಿ ಮಾಡಿ ಹಚ್ಚಿರುತ್ತಾರೆ. ಪತ್ತೆ ಹಚ್ಚುವುದು ಸುಲಭ. ಕೆಳಗಿನ ಕಾಜಾದ ಪಕ್ಕ ಹೊರಬಟ್ಟೆಯನ್ನು ಒಂದು ಕೈಯಲ್ಲೂ ಒಳಬಟ್ಟೆಯನ್ನು ಇನ್ನೊಂದು ಕೈಯಲ್ಲೂ ಚಿವುಟಿ ಹಿಡಿದು ಮೆಲ್ಲಗೆ ಬೇರ್ಪಡಿಸಿ, ಉಜ್ಜಿ. ನಡುವೆ ಮೂರನೆಯದೊಂದು ಪದರ ತನ್ನಷ್ಟಕ್ಕೆ ಓಡಾಡಿದರೆ ಪೂರ್ತಿ ಕ್ಯಾನ್ವಾಸಿನ ಕೋಟು. ಅಲ್ಲಿ ಸಿಗದೆ ಎದೆಯ ಮೇಲೆ ಮಾತ್ರ ಸಿಕ್ಕರೆ ಅರ್ಧ ಕ್ಯಾನ್ವಾಸು, ಅದೂ ಪರವಾಗಿಲ್ಲ. ಎರಡೇ ಪದರವಿದ್ದು ಹೊರಬಟ್ಟೆ ಕಾಗದದ ಹಾಗೆ ಸೆಟೆದಿದ್ದರೆ ಅಂಟಿನದು. ಎದೆಯ ಮೇಲೆ ಗುಳ್ಳೆಗುಳ್ಳೆಯಾಗಿ ಎದ್ದಿದ್ದರೆ ಆ ಅಂಟು ಬಿಟ್ಟಿದೆ. ಅದನ್ನು ಸರಿಮಾಡಲು ಯಾವ ಟೈಲರಿಗೂ ಆಗದು. ವಾಪಸ್ ತೂಗುಹಾಕಿ.

ಯಾವುದು ಬದಲಾದೀತು, ಯಾವುದು ಬದಲಾಗದು

ಚೀಟಿಯ ಮೇಲಿನ 40ಆರ್, 38ಎಸ್ ಎಂಬ ಸೈಜನ್ನು (ಸಂಖ್ಯೆ ಎದೆಯ ಇಂಚು; ‘ಆರ್’ ಅಂದರೆ ರೆಗ್ಯುಲರ್, ‘ಎಸ್’ ಅಂದರೆ ಗಿಡ್ಡವರಿಗೆ ಶಾರ್ಟ್) ನಂಬಬೇಡಿ. ಒಂದೊಂದು ಕಾಲದ, ಒಂದೊಂದು ಕಂಪನಿಯ ಅಳತೆ ಬೇರೆ, ಮೇಲಾಗಿ ಮೊದಲಿನ ಒಡೆಯ ಅದನ್ನು ಬಿಗಿ ಮಾಡಿಸಿರಬಹುದು. ಟೇಪು ಹಿಡಿಯಿರಿ. ನಿಮ್ಮ ಎದೆ 38 ಇಂಚಾದರೆ ಕಂಕುಳಿನಿಂದ ಕಂಕುಳಿಗೆ ಇಪ್ಪತ್ತೂವರೆಯಿಂದ 21 ಇಂಚು ಬೇಕು.

ಹೆಗಲು ಕೂರದಿದ್ದರೆ ಉಳಿದದ್ದೇನೂ ನೋಡುವುದು ಬೇಡ. ಹಾಕಿಕೊಂಡು ಗೋಡೆಗೆ ಪಕ್ಕಾಗಿ ನಿಂತು ಮೆಲ್ಲಗೆ ಒರಗಿ. ತೋಳಿಗಿಂತ ಮೊದಲು ಪ್ಯಾಡು ಗೋಡೆಗೆ ತಾಗಿದರೆ ದೊಡ್ಡದಾಯಿತು. ಹೆಗಲು ಬಿಚ್ಚಿ ಹೊಲಿಯುವುದಕ್ಕೆ ಸೂಟಿನ ಬೆಲೆಯ ಹಲವು ಪಟ್ಟು ಬೀಳುತ್ತದೆ, ಆದರೂ ಕೆಲಸ ಚೆನ್ನಾಗಿ ಬರುವ ಭರವಸೆಯಿಲ್ಲ. ಕೋಟಿನ ಉದ್ದವೂ ಹಾಗೆಯೇ: ಅರ್ಧ ಇಂಚಿಗಿಂತ ಹೆಚ್ಚು ಕತ್ತರಿಸಿದರೆ ಜೇಬುಗಳು ಅಂಚಿಗೆ ಬಂದು ಕೂರುತ್ತವೆ. ಐದಡಿ ಏಳು ಇಂಚಿನೊಳಗಿನವರು ‘ಎಸ್’ ಎಂದಿರುವುದನ್ನೇ ಮೊದಲು ಅಳೆದು ನೋಡುವುದು ಇದಕ್ಕೇ. ಕಾಲರು ಕತ್ತಿನಿಂದ ದೂರ ನಿಂತರೂ ಬೇಡ.

ಬದಲಾಗುವವು ಇವು. ಸೊಂಟ ಬಿಗಿ ಮಾಡುವುದು ಸುಲಭ. ಸಡಿಲಿಸಬೇಕಾದರೆ ಬೆನ್ನಿನ ನಡುಹೊಲಿಗೆಯೊಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ಅಸ್ತರಿನ ಮೇಲಿಂದಲೇ ಮುಟ್ಟಿ ನೋಡಿ, ಸಾಮಾನ್ಯವಾಗಿ ಒಂದು ಇಂಚು ಸಿಗುತ್ತದೆ. ತೋಳು ಒಂದರಿಂದ ಒಂದೂವರೆ ಇಂಚು ಇಳಿಸಬಹುದು. ಹಳೆ ಮಡಿಕೆಯ ಗೆರೆ ಸವೆದು ಬಿಳಿಚಿದ್ದರೆ ಇಳಿಸಿದ ಮೇಲೂ ಅದು ಕಾಣುತ್ತದೆ. ತೋಳಿನ ಗುಂಡಿಗಳ ಕಾಜಾ ನಿಜವಾಗಿ ಕತ್ತರಿಸಿದ್ದಾದರೆ ತೋಳಿನ ಕೆಲಸವೇ ಕಷ್ಟ. ಪ್ಯಾಂಟಿನ ಸೊಂಟ ಹಿಂದಿನ ಹೊಲಿಗೆಯಲ್ಲಿ ಎರಡು ಇಂಚಿನವರೆಗೆ ಹೆಚ್ಚಿಸಬಹುದು. ಎರಡಕ್ಕಿಂತ ಹೆಚ್ಚು ತಗ್ಗಿಸಿದರೆ ಹಿಂದಿನ ಜೇಬುಗಳು ಒಂದಕ್ಕೊಂದು ಹತ್ತಿರ ಬಂದು ವಿಕಾರವಾಗುತ್ತದೆ. ಕೆಳಗೆ ಹೊರಮಡಿಕೆ ಇರುವ ಪ್ಯಾಂಟು ಸಿಕ್ಕರೆ ಉದ್ದಕ್ಕೆ ಚಿಂತೆಯಿಲ್ಲ, ಬಿಚ್ಚಿದರೆ ಮೂರು ಇಂಚು ಬಟ್ಟೆ ಇರುತ್ತದೆ.

ಹುಳ, ಬೆವರು, ಲಡ್ಡು

ಉಣ್ಣೆ ತಿನ್ನುವ ನುಸಿಯ ಮರಿಗಳಿಗೆ ಬೆವರು, ಎಣ್ಣೆ ಹತ್ತಿದ ಕತ್ತಲೆಯ ಜಾಗ ಇಷ್ಟ. ಕಾಲರ್ ಎತ್ತಿ ಅಡಿಯಲ್ಲಿ, ಜೇಬಿನ ಮುಚ್ಚಳದ ಕೆಳಗೆ, ತೊಡೆಸಂದಿನಲ್ಲಿ ನೋಡಿ. ಪ್ಯಾಂಟಿನೊಳಗೆ ಟಾರ್ಚು ಇಟ್ಟರೆ ಸೂಜಿಮೊನೆಯಷ್ಟು ತೂತಾದರೂ ಹೊಳೆಯುತ್ತದೆ. ಬಟ್ಟೆಯದೇ ಬಣ್ಣದ ಮರಳಿನಂಥ ಹಿಕ್ಕೆ ಕಂಡರೆ ಹುಳ ಇದ್ದಿದ್ದು ಖಚಿತ. ಕಾಲರ್ ಅಡಿಯಲ್ಲಿ ಒಂದೆರಡು ತೂತಿದ್ದರೆ ಒಳ್ಳೆಯ ರಫೂ ಕೆಲಸದವರು ಕಾಣದಂತೆ ಮುಚ್ಚುತ್ತಾರೆ. ಎದೆಯ ಮೇಲಿದ್ದರೆ ಬಿಟ್ಟುಬಿಡಿ.

ಕಂಕುಳಲ್ಲಿ ಅಸ್ತರು ಹರಿದಿದ್ದರೆ ಹೆದರಬೇಕಿಲ್ಲ, ಬದಲಿಸಬಹುದು. ಹೊರಬಟ್ಟೆಗೆ ಹಳದಿ ಕಲೆ ಇಳಿದಿದ್ದರೆ ಹೋಗುವುದಿಲ್ಲ. ಬಹಳ ಹಳೆಯದಾದರೆ ಒಳಗಿನ ಹೊಲಿಗೆ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ. ಚುರುಕ್ಕೆಂದು ಹರಿದರೆ ಬಟ್ಟೆ ಲಡ್ಡಾಗಿದೆ, ಮೊದಲ ಸಲ ಕೂತಾಗಲೇ ಪ್ಯಾಂಟು ಬಾಯಿ ಬಿಡುತ್ತದೆ.

ಮನೆಗೆ ತಂದ ಮೇಲೆ

ಬೀರುವಿಗೆ ನೇರ ಹಾಕಬೇಡಿ, ಉಳಿದ ಉಣ್ಣೆಗೆಲ್ಲ ನುಸಿ ಹತ್ತುತ್ತದೆ. ಜೇಬು ಕೊಡವಿ, ಬ್ರಷ್ಷಿನಿಂದ ಉಜ್ಜಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದು ಒಂದು ದಿನ ಬಿಟ್ಟು ಚೀಲ ಬಿಚ್ಚಿ. ತಣ್ಣಗಿರುವಾಗಲೇ ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕಟ್ಟುತ್ತದೆ. ಮುಗ್ಗಲು ವಾಸನೆಗೆ ಅರ್ಧಕ್ಕರ್ಧ ನೀರು ಬೆರೆಸಿದ ವೊಡ್ಕಾವನ್ನು ಅಸ್ತರಿಗೆ ತೆಳ್ಳಗೆ ಸಿಂಪಡಿಸಿ ಗಾಳಿಗೆ ಹಾಕಿದರೆ ಎಷ್ಟೋ ವಾಸಿ, ನಾಟಕದ ವೇಷಭೂಷಣ ನೋಡಿಕೊಳ್ಳುವವರು ಬಳಸುವ ಉಪಾಯವಿದು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ.

ಡ್ರೈಕ್ಲೀನ್ ಮೊದಲು, ಆಲ್ಟರೇಶನ್ ಆಮೇಲೆ. ಕೊಳೆಯ ಮೇಲೆ ಇಸ್ತ್ರಿ ಬಿದ್ದರೆ ಕಲೆ ಅಲ್ಲೇ ಕೂರುತ್ತದೆ. ವಾಷಿಂಗ್ ಮೆಷಿನ್ನಿಗೆ ಮಾತ್ರ ಯಾವತ್ತೂ ಹಾಕಬೇಡಿ: ಉಣ್ಣೆ, ಕ್ಯಾನ್ವಾಸು, ಅಸ್ತರು ಮೂರೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿ ಕೋಟು ಸೊಟ್ಟಗಾಗುತ್ತದೆ. ಅಸ್ತರು ಬದಲಿಸುವಂಥ ದೊಡ್ಡ ಕೆಲಸವಿದ್ದರೆ ರಜಕ್ಕೆ ಬೆಂಗಳೂರಿಗೋ ಮೈಸೂರಿಗೋ ಬರುವಾಗ ತಂದು, ಕೋಟು ಹೊಲಿಯುವ ಟೈಲರಿಗೇ ಕೊಡಿ. ಮಜೂರಿ ಅಲ್ಲಿಗಿಂತ ತೀರಾ ಕಡಿಮೆ.

ಹಳೆ ಸೂಟಿನ ಬಟ್ಟೆ ಗಜಕ್ಕೆ 14–16 ಔನ್ಸ್ ತೂಗುವುದು ಸಾಮಾನ್ಯ, ಈಗಿನವು ಎಂಟರಿಂದ ಹತ್ತು. ಷಿಕಾಗೊ ಚಳಿಗೆ ಹೇಳಿಮಾಡಿಸಿದ ಆ ತೂಕ ಮಂಗಳೂರಿನ ಮದುವೆಗೆ ಆಗದು. ಊರಿಗೇ ತಂದಿಡುವುದಾದರೆ ಅಗಲ ಹೆಗಲಿನ ಮರದ ಹ್ಯಾಂಗರಿಗೆ ಹಾಕಿ, ಹತ್ತಿ ಬಟ್ಟೆಯ ಚೀಲ ತೊಡಿಸಿ, ನುಸಿಗುಳಿಗೆಯನ್ನು ಬಟ್ಟೆಗೆ ತಾಗದಂತೆ ಕಟ್ಟಿ. ಮಳೆಗಾಲ ಮುಗಿದ ಮೇಲೆ ಹೊರತೆಗೆದು ನೆರಳಲ್ಲಿ ಗಾಳಿಯಾಡಿಸಿ, ಕಾಲರ್ ಅಡಿಯನ್ನು ಮತ್ತೊಮ್ಮೆ ನೋಡಿ.